ನೀಲಿ ಬರಲೇ ಇಲ್ಲ

ಸೋಮವಾರ ಎರಡನೇ ಪೀರಿಯಡ್ಡಿಗೆ ವಿಜ್ಞಾನದ ಟೀಚರು ಏಳನೇ ತರಗತಿಯ ಹೊಸ್ತಿಲು ದಾಟುವ ಮೊದಲೇ ಪಿಳಿಪಿಳಿ ಎದ್ದು ನಿಂತಿದ್ದಳು. ಮಾತಿಗೊಮ್ಮೆ ರೆಪ್ಪೆ ಬಡಿಯುವ ಹುಡುಗಿ. ಆ ಅಡ್ಡಹೆಸರು ಯಾರು ಇಟ್ಟರೋ, ಹಾಜರಿ ಕರೆಯುವಾಗ ಬಿಟ್ಟರೆ ಅವಳ ನಿಜವಾದ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ.

"ಮಿಸ್, ನಮ್ಮಜ್ಜಿಗೆ ಏನೋ ಆಗಿದೆ."

"ಏನಾಯ್ತೇ?"

"ನಿನ್ನೆ ಕುಂಬಳಕಾಯಿ ಹೆಚ್ಚೋವಾಗ ಕೈ ಕುಯ್ಕೊಂಡ್ರು. ಇಷ್ಟುದ್ದ. ಬರೀ ಕೆಂಪು ಬಂತು ಮಿಸ್. ನೀಲಿ ಬರಲೇ ಇಲ್ಲ. ಬರುತ್ತೇನೋ ಅಂತ ನಾನು ಬಟ್ಟೆ ಕಟ್ಟೋಕೂ ಬಿಡದೆ ಕಾದೆ. ಅಮ್ಮ ಬೆನ್ನಿಗೆ ಒಂದು ಗುದ್ದಿದ್ರು. ಆದ್ರೂ ಬರಲಿಲ್ಲ. ಅಜ್ಜಿ ಮೈಯಲ್ಲಿ ನೀಲಿ ರಕ್ತ ಖಾಲಿ ಆಗೋಗಿದ್ಯಾ?"

ಟೀಚರಿಗೆ ನಗು ಬಂತು. ಇಡೀ ಕ್ಲಾಸು ಗೊಳ್ಳೆಂದೀತು, ಹುಡುಗಿಗೆ ಅವಮಾನವಾದೀತು ಎಂದು ಕೈಯೆತ್ತಿ ತಡೆಯಲು ಹೊರಟವರು ಅಲ್ಲೇ ನಿಂತರು. ಯಾರೂ ನಗಲಿಲ್ಲ. ಮೂವತ್ತನಾಲ್ಕು ಮುಖಗಳೂ ಗಂಭೀರವಾಗಿದ್ದವು. ಹಿಂದಿನ ಬೆಂಚಿನಿಂದ ಒಬ್ಬ, "ವಯಸ್ಸಾದ್ರೆ ನೀಲಿ ಕಮ್ಮಿ ಆಗುತ್ತೇನೋ ಮಿಸ್" ಎಂದು ಸಮಾಧಾನ ಹೇಳಿದ.

"ಮೈಯಲ್ಲಿ ನೀಲಿ ರಕ್ತ ಇದೆ ಅನ್ನೋರು ಕೈ ಎತ್ತಿ."

ಮೂವರನ್ನು ಬಿಟ್ಟು ಎಲ್ಲರೂ ಎತ್ತಿದರು. ಆ ಮೂವರು ಹಿಂದಿನ ವಾರ ರಜೆ ಹಾಕಿದ್ದವರು.

ಹಿಂದಿನ ವಾರ ಟೀಚರು ಆ ಕ್ಲಾಸಿಗೆ ತಮ್ಮ ಹೃದಯದ ಮಾದರಿಯನ್ನು ತಂದು ತೋರಿಸಿದ್ದರು. ಎದೆಯೆತ್ತರದ ಪ್ಲೈವುಡ್ ಹಲಗೆ, ಅದರ ಮೇಲೆ ನಾಲ್ಕು ಕೋಣೆಯ ಹೃದಯ, ಸುತ್ತಲೂ ಪಾರದರ್ಶಕ ನಳಿಕೆಗಳು. ಸ್ವಿಚ್ಚು ಒತ್ತಿದರೆ ಮೀನಿನ ತೊಟ್ಟಿಯ ಎರಡು ಪುಟ್ಟ ಪಂಪುಗಳು ಗುಯ್ ಎಂದು, ಒಂದು ಕಡೆ ಕೆಂಪು ನೀರು, ಇನ್ನೊಂದು ಕಡೆ ನೀಲಿ ನೀರು ಸುತ್ತತೊಡಗುತ್ತಿತ್ತು. ಪಂಪು ರಿಪೇರಿ ಮಾಡುವ ಅವರ ಗಂಡ ಹನ್ನೆರಡು ವರ್ಷದ ಹಿಂದೆ ಎರಡು ತಿಂಗಳು ಕೂತು ಮಾಡಿಕೊಟ್ಟದ್ದು ಅದು. ಮೂರು ಸಲ ಬಹುಮಾನ ಬಂದಿತ್ತು. ಶಾಲೆಗೆ ಯಾರೇ ದೊಡ್ಡವರು ಬಂದರೂ ಹೆಡ್‌ಮಾಸ್ಟರು ಮೊದಲು ಕರೆದೊಯ್ಯುತ್ತಿದ್ದುದು ಅದರ ಮುಂದಕ್ಕೇ. ಆ ಮಾದರಿಯಿಂದಾಗಿ ಮಕ್ಕಳು ಟೀಚರನ್ನು 'ಗುಂಡಿಗೆ ಮಿಸ್' ಎಂದು ಕರೆಯುತ್ತಿದ್ದರು. ಅದು ಕಿವಿಗೆ ಬಿದ್ದಾಗಲೆಲ್ಲ ಅವರಿಗೆ ಒಳಗೊಳಗೇ ಹಿತವಾಗುತ್ತಿತ್ತು. ಈ ಶುಕ್ರವಾರದ ವಸ್ತುಪ್ರದರ್ಶನಕ್ಕೂ ಅದೇ ಹೋಗುವುದೆಂದು ಆಗಲೇ ತೀರ್ಮಾನವಾಗಿತ್ತು.

"ನೋಡಿ, ನೀಲಿ ರಕ್ತ ಅಂತ ಯಾರ ಮೈಯಲ್ಲೂ ಇಲ್ಲ" ಎಂದರು ಟೀಚರು. "ಆಮ್ಲಜನಕ ಕಮ್ಮಿ ಇರೋ ರಕ್ತ ಸ್ವಲ್ಪ ಗಾಢ ಕೆಂಪು, ಅಷ್ಟೆ. ಗುರುತು ಸಿಗ್ಲಿ ಅಂತ ನೀಲಿ ಹಾಕಿರೋದು. ಅಜ್ಜಿ ಚೆನ್ನಾಗಿದ್ದಾರೆ, ಕೂತ್ಕೋ."

ಪಿಳಿಪಿಳಿ ಕೂರಲಿಲ್ಲ. ಮಣಿಕಟ್ಟನ್ನು ಮುಂದೆ ಚಾಚಿದಳು. "ಮತ್ತೆ ಇಲ್ಲಿ ನೀಲಿ ಕಾಣ್ತಿದೆಯಲ್ಲ ಮಿಸ್?"

ಉಳಿದ ಮೂವತ್ತನಾಲ್ಕು ಮಣಿಕಟ್ಟುಗಳೂ ತಿರುಗಿದವು. ಟೀಚರೂ ತಮ್ಮದನ್ನು ನೋಡಿಕೊಂಡರು. ನೀಲಿಯೇ. "ನಾಳೆ ಹೇಳ್ತೀನಿ" ಎಂದರು. ಹದಿನೆಂಟು ವರ್ಷದ ನೌಕರಿಯಲ್ಲಿ ಆ ಮಾತನ್ನು ಅವರು ಎಷ್ಟೋ ಸಲ ಆಡಿ ಮರೆತಿದ್ದರು.

ಶಾಲೆ ಬಿಟ್ಟ ಮೇಲೆ ಅವರ ಕಾಲು ಮನೆಯ ಕಡೆ ಹೋಗದೆ ಆಸ್ಪತ್ರೆಯ ಕಡೆ ತಿರುಗಿತು. ಅಲ್ಲಿ ರಕ್ತ ಪರೀಕ್ಷೆಯ ಕೋಣೆಯಲ್ಲಿ ಅವರ ಹಳೆಯ ವಿದ್ಯಾರ್ಥಿಯೊಬ್ಬ ಕೆಲಸಕ್ಕಿದ್ದ. ಟೀಚರನ್ನು ಕಂಡದ್ದೇ ಅವನು ಕುರ್ಚಿ ಎಳೆದ. ನರ ನೀಲಿ ಕಾಣುವುದು ಬೆಳಕು ಚರ್ಮದೊಳಗೆ ಹೋಗಿ ಬರುವ ರೀತಿಯಿಂದ ಎಂದು ಬಿಡಿಸಿ ಹೇಳಿದ. ಆಮೇಲೆ, ನಗುತ್ತಲೇ, "ಮಿಸ್, ನೀವೇ ಕೇಳಿದ್ರಿ ಅಂತ ಹೇಳ್ತೀನಿ. ನಾನು ಮೊದಲನೇ ಸಲ ಸೂಜಿ ಚುಚ್ಚಿದಾಗ ರಕ್ತ ಕಪ್ಪುಗೆಂಪಗೆ ಬಂತು. ನಿಮ್ಮ ಹಲಗೆ ಕಣ್ಣ ಮುಂದೆ ಬಂತು. ಈ ನರ ಅಲ್ಲ, ಬೇರೆ ಯಾವುದಕ್ಕೋ ಚುಚ್ಚಿಬಿಟ್ಟೆ ಅಂತ ಸೂಜಿ ಕಿತ್ತು, ಇನ್ನೊಂದು ಕೈಗೂ ಚುಚ್ಚಿದೆ. ಪಾಪ, ಆ ಮನುಷ್ಯ ಅವತ್ತು ನಂಗೆ ಎಷ್ಟು ಶಾಪ ಹಾಕಿದ್ನೋ!"

ಅವನಿಗೆ ಅದೊಂದು ತಮಾಷೆ. ಟೀಚರು ನಕ್ಕಂತೆ ಮಾಡಿ ಎದ್ದು ಬಂದರು. ದಾರಿಯುದ್ದಕ್ಕೂ ಲೆಕ್ಕ ಓಡುತ್ತಿತ್ತು. ವರ್ಷಕ್ಕೆ ಎರಡು ಸೆಕ್ಷನ್, ಸೆಕ್ಷನ್ನಿಗೆ ಮೂವತ್ತೈದು ಮಕ್ಕಳು, ಹನ್ನೆರಡು ವರ್ಷ. ಊರಲ್ಲೆಲ್ಲ ನೀಲಿ ರಕ್ತದವರು ಓಡಾಡುತ್ತಿದ್ದಾರೆ. ಅದನ್ನು ತುಂಬಿದವರು ತಾವು.

ಊಟಕ್ಕೆ ಕೂತರೂ ತಟ್ಟೆಯ ಮುಂದೆ ಸುಮ್ಮನೆ ಬೆರಳಾಡಿಸುತ್ತಿದ್ದರು.

"ಅನ್ನ ಏನು ಪಾಪ ಮಾಡ್ತು?" ಎಂದರು ಗಂಡ.

"ರೀ, ನಮ್ಮ ಮಾದರಿ ಸುಳ್ಳು ಹೇಳ್ತಿದೆ."

"ಯಾವ ಪಂಪು ಕೈ ಕೊಟ್ತು?"

"ಪಂಪಲ್ಲ ಕಣ್ರೀ, ಬಣ್ಣ." ಅವರು ಎಲ್ಲ ಹೇಳಿದರು. ಗಂಡನ ಮುಖ ಗಂಟಿಕ್ಕಿತು. "ನೀಲಿ ಹಾಕಿ ಅಂದಿದ್ದು ನೀನೇ. ಪುಸ್ತಕದಲ್ಲೂ ನೀಲೀನೇ ಇದೆ. ಹನ್ನೆರಡು ವರ್ಷ ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಮೆರೆಸಿದ್ದಾಯ್ತು, ಈಗ ಹೆಗ್ಗಣ ಅಂತ ಬೈದ್ರೆ?" ಎಂದು ಕೈ ತೊಳೆಯಲು ಎದ್ದುಹೋದರು.

ಮಂಗಳವಾರ ಟೀಚರು ಮಣಿಕಟ್ಟಿನ ನೀಲಿ ಬೆಳಕಿನ ಆಟ ಎಂದು ಹೇಳಿದರು, ಪಾಠ ಮಾಡಲಿಲ್ಲ. ಕೇಳುತ್ತ ಹೋದರು. ಹೃದಯ ಎಲ್ಲಿದೆ, ಕೈ ಇಟ್ಟು ತೋರಿಸಿ. ಅರ್ಧ ಕ್ಲಾಸು ಬಲಗಡೆ ಇಟ್ಟಿತು. ಎದುರಿಗಿಟ್ಟ ಹಲಗೆಯಲ್ಲಿ ಅದು ಅವರಿಗೆ ಬಲಕ್ಕೇ ತಾನೇ ಕಂಡದ್ದು! ಹೃದಯ ಬಡಿಯೋದು ಯಾವುದರಿಂದ? "ಕರೆಂಟಿಂದ" ಎಂದ ಒಬ್ಬ. "ಸಣ್ಣ ಮೋಟಾರು ಇರುತ್ತೆ" ಎಂದಳು ಇನ್ನೊಬ್ಬಳು, ಸ್ವಲ್ಪವೂ ಅನುಮಾನವಿಲ್ಲದೆ. ಮಕ್ಕಳು ಪೆದ್ದರಲ್ಲ. ಅವರು ಕಂಡದ್ದನ್ನು ಕಂಡಂತೆ ಕಲಿತಿದ್ದರು. ಸ್ವಿಚ್ಚು ಒತ್ತಿದ್ದು ಟೀಚರು, ಮಾತಾಡಿದ್ದು ಟೀಚರು, ಹತ್ತು ನಿಮಿಷ ಕುಣಿಸಿ ಮತ್ತೆ ಬಟ್ಟೆ ಹೊದಿಸಿ ಒಯ್ದದ್ದು ಟೀಚರು. ಮಕ್ಕಳ ಪಾಲಿಗೆ ಉಳಿದದ್ದು ಹಲಗೆಯ ಕೆಳಗೆ ಅಂಟಿಸಿದ್ದ ಚೀಟಿಯ ಒಂದೇ ಪದ: 'ಮುಟ್ಟಬೇಡಿ'.

ಬುಧವಾರ ಬೆಳಗ್ಗೆ ಅವರು ಆ ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತರು. ಹಲಗೆಯನ್ನು ಕ್ಲಾಸಿನ ನಡುವೆ ನೆಲದ ಮೇಲೆ ಮಲಗಿಸಿ, "ಬನ್ನಿ, ಮುಟ್ಟಿ" ಎಂದರು. ಯಾರೂ ಬರಲಿಲ್ಲ. ಬೈಗುಳದ ಇನ್ನೊಂದು ರೂಪ ಇದಿರಬಹುದೆಂದು ಮಕ್ಕಳು ಒಬ್ಬರನ್ನೊಬ್ಬರು ನೋಡಿದರು. ಕೊನೆಗೆ ಪಿಳಿಪಿಳಿ ಬಂದು ಮೊಣಕಾಲೂರಿ ಒಂದು ನಳಿಕೆಯ ಮೇಲೆ ಬೆರಳಿಟ್ಟಳು.

"ಎಲ್ರೂ ನಿಮ್ಮ ಮಣಿಕಟ್ಟಿನ ನಾಡಿ ಹಿಡ್ಕೊಳ್ಳಿ. ಇನ್ನೊಂದು ಕೈ ಈ ನಳಿಕೆ ಮೇಲಿಡಿ. ನಿಮ್ಮದಕ್ಕೂ ಇದಕ್ಕೂ ಏನು ವ್ಯತ್ಯಾಸ, ಹೇಳಿ. ತಪ್ಪಾದ್ರೂ ಪರವಾಗಿಲ್ಲ."

ಮೊದಲು ಪಿಸುಪಿಸು, ಆಮೇಲೆ ಗದ್ದಲ. ಇದು ಬಡ್ಕೊಳ್ಳಲ್ಲ ಮಿಸ್, ಸುಮ್ನೆ ಹರಿಯುತ್ತೆ! ಒಬ್ಬ ಹತ್ತು ಸಲ ಕುಪ್ಪಳಿಸಿ ಏದುಸಿರಿನಲ್ಲಿ ಬಂದು ತನ್ನ ನಾಡಿ ಎಣಿಸಿದ, ಹಲಗೆಯ ಮುಂದೆಯೂ ಹತ್ತು ಸಲ ಕುಪ್ಪಳಿಸಿದ. ಪಂಪು ಜಗ್ಗಲಿಲ್ಲ. "ಇದಕ್ಕೆ ಗಾಬರೀನೂ ಆಗಲ್ಲ" ಎಂದ. ಟೀಚರು ಪ್ರತಿಯೊಂದನ್ನೂ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಸೀಮೆಸುಣ್ಣ ಎರಡು ಸಲ ಮುರಿಯಿತು. ಗದ್ದಲದ ನಡುವೆ ಪಿಳಿಪಿಳಿ ಒಬ್ಬಳೇ ನಳಿಕೆಗಳ ಹಾದಿಯಲ್ಲಿ ಬೆರಳು ಓಡಿಸುತ್ತ ಕೂತಿದ್ದಳು. ಒಂದು ಸುತ್ತು, ಎರಡು ಸುತ್ತು.

"ಮಿಸ್, ಇವೆರಡೂ ಎಲ್ಲೂ ಸೇರೋದೇ ಇಲ್ಲ. ಕೆಂಪು ಕೆಂಪಾಗೇ ಸುತ್ತುತ್ತೆ, ನೀಲಿ ನೀಲಿಯಾಗೇ ಸುತ್ತುತ್ತೆ. ಮತ್ತೆ ಕೆಟ್ಟ ರಕ್ತ ಒಳ್ಳೇದಾಗೋದು ಎಲ್ಲಿ?"

ಟೀಚರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಬಣ್ಣ ದೊಡ್ಡ ಸುಳ್ಳಾಗಿರಲಿಲ್ಲ. ಒಂದೇ ರಕ್ತ ಶ್ವಾಸಕೋಶಕ್ಕೂ ಮೈಗೂ ಸುತ್ತುತ್ತದೆ ಎಂಬುದೇ ಪಾಠದ ಜೀವ. ಆ ಜೀವವೇ ಹಲಗೆಯಲ್ಲಿ ಇರಲಿಲ್ಲ. ಹನ್ನೆರಡು ವರ್ಷ, ಮೂರು ಬಹುಮಾನ, ಅಷ್ಟೊಂದು ಅತಿಥಿಗಳು. ಯಾರ ಕಣ್ಣಿಗೂ ಬಿದ್ದಿರಲಿಲ್ಲ. ತಮ್ಮ ಕಣ್ಣಿಗೂ.

"ಮೊದಲು, ಅದು ಕೆಟ್ಟ ರಕ್ತ ಅಲ್ಲ, ಆಮ್ಲಜನಕ ಕಮ್ಮಿ ಇರೋ ರಕ್ತ" ಎಂದರು. "ಇನ್ನು ಸೇರೋ ಜಾಗ. ಇಲ್ಲ ಕಣೆ, ಇದರಲ್ಲಿಲ್ಲ. ಎಲ್ಲಿರ್ಬೇಕಿತ್ತು ಅಂತ ನೀವೇ ಹುಡುಕಿ. ಪುಸ್ತಕ ತೆಗೀರಿ."

ಹುಡುಕುವ ಭರದಲ್ಲಿ ಯಾರೋ ಒಂದು ನಳಿಕೆ ಎಳೆದರು. ಅದೇ ಹೊತ್ತಿಗೆ ಗದ್ದಲ ಕೇಳಿ ಹೆಡ್‌ಮಾಸ್ಟರು ಒಳಗೆ ಬಂದರು. ಕೆಂಪು ನೀರು ಚಿಮ್ಮಿದ್ದು ನೇರ ಅವರ ಬಿಳಿ ಷರಟಿನ ಮೇಲೆ.

"ನಾಡಿದ್ದು ಪ್ರದರ್ಶನ" ಎಂದರು ಅವರು ಷರಟನ್ನೂ ಹಲಗೆಯನ್ನೂ ನೋಡುತ್ತ. "ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿಕೊಂಡು ಬಂದಿದ್ದನ್ನ ಮಕ್ಕಳ ಕೈಗೆ ಕೊಟ್ಟಿದ್ದೀರಾ? ಏನಮ್ಮಾ ಇದು?"

"ಸಾರ್, ಇಷ್ಟು ದಿನ ಕೊಡದೇ ಇದ್ದಿದ್ದೇ ತಪ್ಪಾಗಿದೆ." ಮಾತು ಬಾಯಿ ದಾಟಿದ ಮೇಲೆ ಟೀಚರಿಗೇ ಗಾಬರಿಯಾಯಿತು. ಹೆಡ್‌ಮಾಸ್ಟರ ಎದುರು ಅವರು ಹಾಗೆ ಎಂದೂ ಮಾತಾಡಿದವರಲ್ಲ.

"ಶುಕ್ರವಾರದೊಳಗೆ ಇದು ಮೊದಲಿದ್ದ ಹಾಗೆ ಆಗ್ಬೇಕು" ಎಂದು ಅವರು ಹೊರಟುಹೋದರು.

ಮೊದಲಿದ್ದ ಹಾಗೆ ಮಾಡಲು ಟೀಚರಿಗೆ ಮನಸ್ಸಿರಲಿಲ್ಲ. ಬೇರೆ ಹೇಗೆ ಮಾಡಬೇಕೆಂಬುದೂ ತಿಳಿದಿರಲಿಲ್ಲ. ಸಂಜೆ ಹಲಗೆಯನ್ನು ಆಟೋದಲ್ಲಿ ಹೇರಿಕೊಂಡು ಗಂಡನ ಅಂಗಡಿಗೆ ಒಯ್ದರು. ಗಂಡ ಬೇರೊಂದು ಪಂಪು ಬಿಚ್ಚುತ್ತಲೇ ಇದ್ದರು. ಪಿಳಿಪಿಳಿ ಕೇಳಿದ್ದನ್ನು ಹೇಳಿದಾಗ ಮಾತ್ರ ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟು, ಹಲಗೆಯ ಮೇಲೆ ಬಗ್ಗಿ, ತಮ್ಮ ಬೆರಳನ್ನೂ ನಳಿಕೆಗಳ ಮೇಲೆ ಓಡಿಸಿದರು.

"ಹುಡುಗಿ ಹೇಳಿದ್ದು ಸರಿ" ಎಂದರು. "ಎರಡು ಲೈನು ಸೇರಿಸಿದ್ರೆ ಬಣ್ಣ ಬೆರೆತು ಕೊಳಕಾಗುತ್ತೆ ಅಂತ ಆಗ ಬೇರೆ ಬೇರೆ ಮಾಡಿದ್ದೆ. ಚೆನ್ನಾಗಿ ಕಾಣ್ಲಿ ಅಂತ. ಈಗ ಸೇರಿಸೋಕೆ ಎರಡು ವಾರ ಬೇಕು ನಂಗೆ." ಸ್ಪ್ಯಾನರನ್ನು ಮತ್ತೆ ಕೈಗೆತ್ತಿಕೊಂಡು ಅಂದರು: "ಒಡೆದ ನಳಿಕೆ ಬದಲಾಯಿಸಿ ಕೊಡ್ತೀನಿ. ಉಳಿದಿದ್ದು ನೀನು ಬಾಯಲ್ಲಿ ಹೇಳು."

ಬಾಯಲ್ಲಿ ಹೇಳಿದ್ದು ಟೀಚರಲ್ಲ, ಮಕ್ಕಳು. ಶುಕ್ರವಾರ ಪ್ರದರ್ಶನದ ಸಭಾಂಗಣದಲ್ಲಿ ಹಲಗೆಯ ಪಕ್ಕದಲ್ಲೇ ಒಂದು ದೊಡ್ಡ ಹಾಳೆ ತೂಗುಬಿದ್ದಿತ್ತು: 'ಈ ಹೃದಯ ಹೇಳುವ ಒಂಬತ್ತು ಸುಳ್ಳುಗಳು'. ಪಕ್ಕದಲ್ಲಿ ಲಾಳಿಕೆಗೆ ರಬ್ಬರ್ ನಳಿಕೆ ಸಿಕ್ಕಿಸಿ ಮಾಡಿದ ಕೇಳುಗೊಳವೆ. ಬಂದವರೆಲ್ಲ ತಮ್ಮ ಎದೆಬಡಿತವನ್ನು ಅದರಲ್ಲಿ ಕೇಳಿ, ಮೆಟ್ಟಿಲು ಹತ್ತಿಳಿದು ಬಂದು ಮತ್ತೆ ಕೇಳಬೇಕು. ಸಾಲು ಬಾಗಿಲವರೆಗೆ ಬೆಳೆದಿತ್ತು. ಹೆಡ್‌ಮಾಸ್ಟರು ಹಾಳೆಯನ್ನು ಓದಿ, ಟೀಚರನ್ನು ನೋಡಿ, ದೂರದ ಕಂಬಕ್ಕೆ ಒರಗಿ ನಿಂತರು. ಟೀಚರ ಕೈಯಲ್ಲಿದ್ದ ಕರವಸ್ತ್ರ ಹಿಂಡಿ ಹಗ್ಗವಾಗಿತ್ತು.

ತೀರ್ಪುಗಾರರು ಮೂವರು ಬಂದರು. ಹಿರಿಯರೊಬ್ಬರು ಕೇಳಿದರು, "ಇಲ್ಲಿ ರಕ್ತ ಯಾಕೆ ನೀಲಿ?"

"ಅದು ಮೊದಲನೇ ಸುಳ್ಳು ಸಾರ್" ಎಂದಳು ಪಿಳಿಪಿಳಿ. "ನಿಜವಾದ್ದು ಎಲ್ಲಾ ಕೆಂಪೇ."

"ಹೌದಾ?" ಅವರ ಕಣ್ಣು ಅರೆಕ್ಷಣ ತಮ್ಮದೇ ಮಣಿಕಟ್ಟಿನ ಮೇಲೆ ಹೋಯಿತು.

"ನೀವೂ ನೀಲಿ ಅಂದ್ಕೊಂಡಿದ್ರಾ ಸಾರ್? ಪರವಾಗಿಲ್ಲ, ನಾವೂ ಹಾಗೇ ಅಂದ್ಕೊಂಡಿದ್ವಿ."

ಪಕ್ಕದ ಇಬ್ಬರು ತೀರ್ಪುಗಾರರು ಕಾಗದದಲ್ಲಿ ಮುಖ ಮರೆಸಿಕೊಂಡರು. ಹಿರಿಯರು ಮುಂದಿನ ಮಾದರಿಯ ಕಡೆ ನಡೆದರು.

ಬಹುಮಾನ ಬರಲಿಲ್ಲ. ಸಂಜೆ ಕೈಗೆ ಬಂದ ಚೀಟಿಯಲ್ಲಿ ಹೀಗೆ ಬರೆದಿತ್ತು: 'ಮಾದರಿಯಲ್ಲಿ ದೋಷಗಳಿವೆ ಎಂದು ತಂಡವೇ ಒಪ್ಪಿಕೊಂಡಿದೆ.' ವ್ಯಾನಿನಲ್ಲಿ ಹೆಡ್‌ಮಾಸ್ಟರು ಅದನ್ನು ಜೋರಾಗಿ ಓದಿದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ಹೆಡ್‌ಮಾಸ್ಟರು ನಗಲಿಲ್ಲ, ಕಿಟಕಿಯ ಕಡೆ ತಿರುಗಿ, ಬೇರೆಲ್ಲೋ ನೋಡುತ್ತಿರುವವರಂತೆ ಬೆರಳೆರಡನ್ನು ಮೆಲ್ಲಗೆ ತಮ್ಮ ಕುತ್ತಿಗೆಯ ಪಕ್ಕ ಇಟ್ಟುಕೊಂಡರು. ಟೀಚರಿಗೆ ಅದು ಕಂಡಿತು. ಸಿಟ್ಟು ಇಳಿದಿದೆಯೋ ಇಲ್ಲವೋ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಭಾನುವಾರವಿಡೀ ಟೀಚರು ಮುಂದಿನ ಪಾಠಕ್ಕೆಂದಿದ್ದ ಸೌರಮಂಡಲದ ಮಾದರಿಯ ಸುತ್ತ ಸುಳಿದಾಡಿದರು. ಒಂದು ಅಡಿ ತಂತಿಯಲ್ಲಿ ಸೂರ್ಯನೂ ಎಂಟು ಗ್ರಹಗಳೂ ಒತ್ತೊತ್ತಾಗಿ ಸಾಲಾಗಿ ಕೂತಿದ್ದವು, ನೆರೆಮನೆಯವರಂತೆ. ಸೋಮವಾರ ಅದನ್ನು ಮೇಜಿನ ಮೇಲಿಟ್ಟು, "ಇದು ಏನು ಸುಳ್ಳು ಹೇಳ್ತಿದೆ, ನೋಡಿ" ಎಂದಷ್ಟೇ ಹೇಳಿದರು. ಅಳತೆಗಳಿದ್ದ ಪುಟ ತೆರೆದುಕೊಟ್ಟರು. ಅರ್ಧ ಗಂಟೆಯ ಭಾಗಾಕಾರದ ನಂತರ ಮಕ್ಕಳೇ ಹೇಳಿದರು: ಸೂರ್ಯ ಆಟದ ಮೈದಾನದ ಫುಟ್‌ಬಾಲಿನಷ್ಟಾದರೆ ಭೂಮಿ ಒಂದು ಸಾಸಿವೆ ಕಾಳು, ಇಪ್ಪತ್ತನಾಲ್ಕು ಮೀಟರು ದೂರ.

ಫುಟ್‌ಬಾಲು ಬಂತು. ಪಿಳಿಪಿಳಿ ಸಾಸಿವೆಯನ್ನು ಅಂಗೈಯಲ್ಲಿ ಹಿಡಿದು ಬಾಗಿಲು ದಾಟಿದಳು. ಅಳತೆಪಟ್ಟಿಯ ಹಿಂದೆ ಇಡೀ ಕ್ಲಾಸು. ಭೂಮಿ ಸ್ಟಾಫ್ ರೂಮಿನ ಮುಂದೆ ಬಂದು ನಿಂತಿತು. ದೊಡ್ಡ ಗೋಲಿಯ ಗುರುಗ್ರಹ ಹಿಡಿದವನು ಮೈದಾನ ದಾಟಿದರೂ ನಿಲ್ಲಲಿಲ್ಲ. ನೂರಿಪ್ಪತ್ತಮೂರು ಮೀಟರು ಬೇಕಿತ್ತು, ಗೇಟು ಅಡ್ಡ ಬಂತು.

"ಮಿಸ್, ಗುರು ನಿಲ್ಬೇಕಾದ್ದು ರಸ್ತೆ ಮೇಲೆ!"

ಟೀಚರು ಅಂಗೈ ಮೇಲೆ ಬರೆದುಕೊಂಡ ಲೆಕ್ಕವನ್ನು ಮೂರನೇ ಸಲ ನೋಡಿದರು. ಸರಿಯಿದೆಯೋ? ಇದರಲ್ಲೂ ತಾವು ಕಾಣದ ಯಾವ ತಪ್ಪು ಅಡಗಿದೆಯೋ? ಅಷ್ಟರಲ್ಲಿ ಕಾವಲುಗಾರ ಬೀಗಕ್ಕೆ ಬೆನ್ನು ಕೊಟ್ಟು ನಿಂತ. "ಹೆಡ್‌ಮಾಸ್ಟರು ಹೇಳ್ದೆ ಗೇಟು ತೆಗೆಯಲ್ಲ ತಾಯಿ."

"ಎಲ್ರೂ ನಿಂತಲ್ಲೇ ನಿಂತಿರಿ, ಪಿಳಿಪಿಳಿ, ಭೂಮಿ ಬೀಳಿಸ್ಬೇಡ" ಎಂದು ಕೂಗಿ, ಟೀಚರು ಸೆರಗು ಸಿಕ್ಕಿಸಿಕೊಂಡು ಹೆಡ್‌ಮಾಸ್ಟರ ಕೋಣೆಯ ಕಡೆ ಓಡಿದರು.