ಬಲಗಡೆಯವರ ಊಟ

ಹೋಟೆಲಿನ ಮೇಜಿನ ಮೂರನೆಯ ಕುರ್ಚಿಯ ಮೇಲಿಟ್ಟಿದ್ದ ತನ್ನ ಕೈಚೀಲವನ್ನು ಮಗಳು ಎತ್ತಲಿಲ್ಲ. ಲಾಂಡ್ರಿಯಾಕೆ ಆ ಕುರ್ಚಿಯ ಬೆನ್ನು ಹಿಡಿದುಕೊಂಡು, ಕೂರಲೂ ಆಗದೆ ಹೋಗಲೂ ಆಗದೆ, ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದು ಕಂಡವಳಂತೆ ಅತ್ತಲೇ ನೋಡುತ್ತ ನಿಂತಳು. ಅಲ್ಲಿದ್ದದ್ದು ಎದುರು ಕಟ್ಟಡದ ಬೋಳು ಗೋಡೆ. ಅಪ್ಪ ಒಮ್ಮೆ ಕೆಮ್ಮಿದ. ಆಮೇಲೆ ತಾನೇ ಚೀಲವನ್ನೆತ್ತಿ ತೊಡೆಯ ಮೇಲಿಟ್ಟುಕೊಂಡು, "ಕೂತ್ಕೊಳ್ಳಿ" ಎಂದ. ಎಪ್ಪತ್ತರ ಹತ್ತಿರದ ದರ್ಜಿ, ಇಸ್ತ್ರಿ ಮಾಡಿದ ಅಂಗಿ, ಮಡಿಲಲ್ಲಿ ಕೆಂಪು ಚೀಲ. ಮಗಳಿಗೆ ನಗು ಬಂತು, ತಡೆದುಕೊಂಡಳು. ಇವತ್ತು ನಗುವುದಿಲ್ಲವೆಂದು ಮನೆಯಲ್ಲೇ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದಳು.

ಬೆಳಿಗ್ಗೆ ಅಂಗಡಿಯಲ್ಲಿ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತ, ಮುಖ ನೋಡದೆ, ಅಪ್ಪ ಹೇಳಿದ್ದ: "ನಾವಿಬ್ರೂ ಒಟ್ಟಿಗೆ ಇರೋಣ ಅಂದ್ಕೊಂಡಿದೀವಿ. ಮಧ್ಯಾಹ್ನ ಅವರನ್ನೂ ಊಟಕ್ಕೆ ಕರೆದಿದೀನಿ. ಊಟ ಮುಗಿಯೋದ್ರೊಳಗೆ ನೀನು ಬೇಡ ಅಂದ್ರೆ ಬೇಡ. ಆಮೇಲೆ ಆ ಮಾತೇ ಎತ್ತಲ್ಲ."

ಯಾರೆಂದು ಅವಳು ಕೇಳಬೇಕಾಗಿರಲಿಲ್ಲ. ಲಾಂಡ್ರಿ ಇದ್ದದ್ದು ಎರಡು ಬಾಗಿಲು ಆಚೆ. ಇವರು ಹೊಲಿದದ್ದೆಲ್ಲ ಇಸ್ತ್ರಿಗೆ ಹೋಗುತ್ತಿದ್ದದ್ದು ಅಲ್ಲಿಗೇ, ಹನ್ನೊಂದು ವರ್ಷದಿಂದ. ಈಚೆಗೆ ಅಪ್ಪ ಒಂದೊಂದೇ ಅಂಗಿ ಹಿಡಿದುಕೊಂಡು ದಿನಕ್ಕೆ ನಾಲ್ಕು ಸಲ ಹೋಗುತ್ತಿದ್ದ. ಮಗಳು ಕುರುಡಿಯೇನಲ್ಲ. ಆಕೆ ಒಳ್ಳೆಯವಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳ್ಳೆಯವರೆಲ್ಲ ಬಂದು ಅಮ್ಮನ ಕುರ್ಚಿಯಲ್ಲಿ ಕೂರಬೇಕೆ? ಅಮ್ಮ ಹೋಗಿ ಇನ್ನೂ ಮೂರು ವರ್ಷ ತುಂಬಿಲ್ಲ. ಅಪ್ಪ ಎಣ್ಣೆಯ ಡಬ್ಬಿಯ ಮುಚ್ಚಳ ಹಾಕುವಷ್ಟರಲ್ಲೇ, ಬೇಡವೆನ್ನುವುದೆಂದು ಅವಳು ತೀರ್ಮಾನಿಸಿಯಾಗಿತ್ತು. ಒಂದು ನೆಪ ಸಿಗಬೇಕಿತ್ತು, ಅಷ್ಟೆ.

ಅದು ಮೊದಲ ಮಹಡಿಯ ಹೋಟೆಲು. ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಇಲ್ಲಿಗೆ ಬರುವುದು, ಇದೇ ದುಂಡು ಮೇಜಿಗೆ ಕೂರುವುದು ಅವಳಿಗೆ ನೆನಪು ಹುಟ್ಟಿದಾಗಿನಿಂದ ನಡೆದುಬಂದದ್ದು. ಆ ಹೊತ್ತಿಗೆ ಬಿಸಿಲು ಗಾಜಿನ ಹೂಜಿಯೊಳಗಿನ ನೀರಿಗೆ ಬಿದ್ದು ಸೂರಿನ ಮೇಲೆ ಬೆಳಕು ಅಲ್ಲಾಡುತ್ತಿತ್ತು. ಯಾರಾದರೂ ಮೇಜಿಗೆ ಮೊಣಕೈ ತಾಗಿಸಿದರೆ ಸೂರೆಲ್ಲ ನಡುಗಿ, ಮತ್ತೆ ನಿಧಾನವಾಗಿ ಮಲಗುತ್ತಿತ್ತು. ಚಿಕ್ಕಂದಿನಲ್ಲಿ ಅವಳು ಕತ್ತು ಹಿಂದಕ್ಕೆ ಚೆಲ್ಲಿ ಅದನ್ನೇ ನೋಡುತ್ತ ಕೂರುತ್ತಿದ್ದಳು. ಆಗ ಊಟದ ಮನೆ ನೀರಿನ ಅಡಿಯಲ್ಲಿದೆ, ಚಮಚಗಳ ಸದ್ದು ಎಲ್ಲೋ ಮೇಲಿನಿಂದ ಕೇಳಿಬರುತ್ತಿದೆ ಅನ್ನಿಸುತ್ತಿತ್ತು. ಈಗಲೂ ಹಾಗೆಯೇ ಅನ್ನಿಸಿತು. ಮೂವತ್ತಾರು ದಾಟಿದ ಹೆಂಗಸಿಗೆ ಹಾಗೆಲ್ಲ ಅನ್ನಿಸಬಾರದೆಂದು ಕತ್ತು ಇಳಿಸಿದಳು.

ಈ ಮನೆಯವರಿಗೆ ಹೋಟೆಲಿನಲ್ಲಿ ಒಂದು ಕಟ್ಟುಪಾಡಿತ್ತು. ಅಮ್ಮನೇ ಮಾಡಿದ್ದು. ತನಗೆ ಬೇಕಾದದ್ದನ್ನು ತಾನು ಹೇಳಿಕೊಳ್ಳುವಂತಿಲ್ಲ. ಬಲಗಡೆ ಕೂತವರ ಊಟವನ್ನು ಹೇಳಬೇಕು. ಏನು ಬೇಕೆಂದು ಅವರನ್ನು ಕೇಳುವಂತಿಲ್ಲ. "ಕೇಳಿ ತರಿಸೋಕೆ ವೇಟರ್ ಇದಾನೆ, ಮನೆಯವರು ಯಾಕೆ?" ಎನ್ನುತ್ತಿದ್ದಳು ಅಮ್ಮ. ಬಂದದ್ದನ್ನು ತುಟಿಪಿಟಕ್ಕೆನ್ನದೆ ತಟ್ಟೆ ಬರಿದಾಗುವವರೆಗೆ ತಿನ್ನಬೇಕು. ಅಮ್ಮನ ಬಲಗಡೆ ಅಪ್ಪ. ಅಮ್ಮ ಅವನಿಗೆ ಹೇಳುತ್ತಿದ್ದದ್ದು ಅಣಬೆ ಹುರಿದದ್ದು. ಅಪ್ಪನ ಬಲಗಡೆ ಮಗಳು. ಅವಳಿಗೆ ಮೊಟ್ಟೆ ಹಾಕಿದ ನೂಡಲ್ಸ್. ಮಗಳ ಬಲಗಡೆ ಅಮ್ಮ.

ಎಂಟನೆಯ ವಯಸ್ಸಿನಲ್ಲಿ ಮೊದಲ ಸಲ ಅಮ್ಮನಿಗಾಗಿ ಹೇಳುವ ಸರದಿ ಬಂದಾಗ ಅವಳು ಪಕ್ಕದ ಮೇಜಿನತ್ತ ಬೆರಳು ತೋರಿಸಿದ್ದಳು. ಅಲ್ಲಿ ಬೋಗುಣಿಯಲ್ಲಿ ಕುಂಬಳಕಾಯಿ ಸೂಪು ಇತ್ತು. ಅಮ್ಮ ಅಂದು ಹಾಕಿಕೊಂಡಿದ್ದ ಹಳದಿ ಸ್ವೆಟರಿನದೇ ಬಣ್ಣ. ಅಮ್ಮ ಕೊನೆಯ ತೊಟ್ಟನ್ನೂ ಬ್ರೆಡ್ಡಿನಿಂದ ಒರೆಸಿ ತಿಂದು, ಖಾಲಿ ಬೋಗುಣಿಯನ್ನು ಮಗಳಿಗೆ ವಾಲಿಸಿ ತೋರಿಸಿದ್ದಳು. ಅವತ್ತಿನಿಂದ ಅದೇ. ಬೇರೆಯದನ್ನು ಹೇಳುವ ಯೋಚನೆಯೂ ಅವಳಿಗೆ ಬಂದದ್ದಿಲ್ಲ. ಅಮ್ಮ ಹೋದ ಮೇಲೆ ಇಬ್ಬರೇ ಉಳಿದಾಗ, ಅಪ್ಪನಿಗೆ ಅಣಬೆ ಹೇಳುವ ಕೆಲಸವನ್ನು ಅವಳೇ ವಹಿಸಿಕೊಂಡಿದ್ದಳು.

"ಎಂದಿನ ಹಾಗೇ ತಾನೇ?" ಎಂದು ಬಂದ ಮುದಿ ವೇಟರ್ ಮೂರನೆಯವಳನ್ನು ಕಂಡು ಪೆನ್ಸಿಲನ್ನು ಕಿವಿಯ ಸಂದಿಯಿಂದ ತೆಗೆದ.

ಮಗಳು ಎಂದೂ ಇಲ್ಲದ ಸಕ್ಕರೆಯ ದನಿಯಲ್ಲಿ ಲಾಂಡ್ರಿಯಾಕೆಗೆ ಕಟ್ಟುಪಾಡನ್ನು ವಿವರಿಸಿದಳು. "ನಿಮ್ಮ ಬಲಗಡೆ ಅಪ್ಪ. ಅಪ್ಪನಿಗೆ ನೀವು ಹೇಳ್ಬೇಕು. ಕೇಳೋ ಹಾಗಿಲ್ಲ, ಆಯ್ತಾ?"

ಕತ್ತರಿಯ ಎರಡೂ ಅಲಗು ಮಗಳ ಕೈಯಲ್ಲೇ ಇದ್ದವು. ಅಣಬೆ ಎಂದರೆ ಅಪ್ಪ ಗುಟ್ಟಾಗಿ ಹೇಳಿಕೊಟ್ಟಿದ್ದಾನೆ, ಅಮ್ಮನದ್ದನ್ನೆಲ್ಲ ಆಗಲೇ ಇವಳ ಕೈಗೆ ಒಪ್ಪಿಸಿದ್ದಾನೆ ಎಂದಾಯಿತು. ಬೇರೇನಾದರೂ ಎಂದರೆ ಅಪ್ಪನ ವಿಷಯ ಇವಳಿಗೆ ಏನೂ ಗೊತ್ತಿಲ್ಲ ಎಂದಾಯಿತು. ಹೇಗೆ ಹೇಳಿದರೂ ಬೇಡವೆನ್ನುವುದೇ.

ಲಾಂಡ್ರಿಯಾಕೆ ಮೆನು ಕಾರ್ಡನ್ನು ತೋಳುದ್ದ ದೂರ ಹಿಡಿದು ಓದತೊಡಗಿದಳು. ಕನ್ನಡಕ ಮರೆತು ಬಂದಿರಬೇಕು. ಒಂದೊಂದು ತಿಂಡಿಯ ಹೆಸರಿಗೂ ತುಟಿ ಅಲ್ಲಾಡುತ್ತಿತ್ತು: ನಿಂಬೆ ಹಿಂಡಿದ ಮೀನು, ಬೆಣ್ಣೆ ಹಚ್ಚಿದ ಜೋಳ, ಈರುಳ್ಳಿ ಆಮ್ಲೆಟ್. ಮುಂಗೈಯ ಮೇಲೆ ಇಸ್ತ್ರಿಪೆಟ್ಟಿಗೆ ತಾಗಿದ ಹಳೆಯ ಗುರುತು. ಆ ಪಿಸುಮಾತು ಕೇಳುತ್ತ ಕೇಳುತ್ತ ಮಗಳಿಗೆ ಜೋಂಪು ಹತ್ತಿದಂತಾಯಿತು. ಸೂರಿನ ಬೆಳಕು ಕೆಳಗಿಳಿದು ಮೇಜಿನ ಬಟ್ಟೆಯ ಮೇಲೆ ಹರಿಯಿತು. ಅಮ್ಮ ಬಾಗಿಲ ಬಳಿ ಸ್ವೆಟರ್ ಬಿಚ್ಚುತ್ತಿದ್ದಾಳೆ, ಒಂದು ತೋಳು ಸಿಕ್ಕಿಹಾಕಿಕೊಂಡಿದೆ, ಇನ್ನೇನು ಬಂದಳು. ಇಷ್ಟು ಹೊತ್ತು ಎಲ್ಲಿದ್ದೆ ಎಂದು ಬೈಯಬೇಕು.

"ನನಗೆ ಇದು ಬರಲ್ಲಮ್ಮ" ಎಂದಳು ಲಾಂಡ್ರಿಯಾಕೆ, ಕಾರ್ಡು ಕೆಳಗಿಟ್ಟು. "ತಪ್ಪು ತಿಳ್ಕೋಬೇಡ. ನನ್ನ ಕೆಲಸದಲ್ಲಿ ಕೇಳದೆ ಏನೂ ಮಾಡೋ ಹಾಗಿಲ್ಲ. ಗಂಜಿ ಹಾಕ್ಲಾ ಬೇಡ್ವಾ, ಮಡಿಕೆ ಎಲ್ಲಿ ಬರ್ಬೇಕು, ಎಲ್ಲಾ ಕೇಳಿಯೇ. ಊಹೆ ಮಾಡಿದ ದಿನ ಬಟ್ಟೆ ಸುಟ್ಟಿದೀನಿ." ಅಪ್ಪನ ಕಡೆ ತಿರುಗಿದಳು. "ನಿಮಗೆ ಏನು ಬೇಕು?"

ಕಟ್ಟುಪಾಡು ಮುರಿದುಬಿತ್ತು. ನೆಪ ಸಿಕ್ಕಿತು. ಮಗಳು ಬಾಯಿ ತೆರೆದಳು. ಅಷ್ಟರಲ್ಲಿ ಅಪ್ಪ ಮಾತಾಡಿದ.

"ಏನಾದ್ರೂ ಆಗ್ಲಿ. ಅಣಬೆ ಒಂದು ಬೇಡ."

ವೇಟರ್ ಪೆನ್ಸಿಲ್ ಎತ್ತಿದವನು ಎತ್ತಿದಂತೆಯೇ ನಿಂತ.

"ಬೇಡ ಅಂದ್ರೆ?" ಎಂದಳು ಮಗಳು.

"ಬೇಡ ಅಂದ್ರೆ ಬೇಡ ಕಣೇ. ಅದು ಹಲ್ಲಿಗೆ ಸಿಕ್ಕಿದ ಕೂಡ್ಲೆ ರಬ್ಬರ್ ಥರ... ನುಂಗಿಬಿಡ್ತಿದ್ದೆ. ಮೊದ್ಲಿಂದಾನೂ ಅಷ್ಟೆ." ಅಪ್ಪ ಕೆಂಪು ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದ, ಕದ್ದು ಸಿಕ್ಕಿಬಿದ್ದ ಹುಡುಗನ ಹಾಗೆ. "ನಿಮ್ಮಮ್ಮ ಎಷ್ಟು ಆಸೆಯಿಂದ ಹೇಳ್ತಿದ್ಲು. ಆಮೇಲೆ ನೀನು. ಹೇಗೆ ಬೇಡ ಅನ್ಲಿ?"

"ನಾನು ಮೂರು ವರ್ಷದಿಂದ..."

"ಹೂಂ. ಮೂವತ್ತೂ ಚಿಲ್ಲರೆ ಸಲ."

ಸಿಟ್ಟು ಬರುತ್ತದೆಂದು ಅವಳು ಕಾದಳು. ಬರಲಿಲ್ಲ. ಎಷ್ಟು ಜನರ ಎದೆ, ಸೊಂಟ, ತೋಳಿನ ಅಳತೆ ಈ ಅಪ್ಪನ ನಾಲಿಗೆಯ ತುದಿಯಲ್ಲಿದೆ. ಅವನ ನಾಲಿಗೆಗೆ ಏನು ಹಿಡಿಸುತ್ತದೆಂದು ಅವನದೇ ಮೇಜಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪಾಪ ಎನ್ನಿಸಿತು. ಆ ಪಾಪದ ಬೆನ್ನಿಗೇ ಇನ್ನೊಂದು ಯೋಚನೆ ಬಂತು.

"ಅಪ್ಪ, ಅಮ್ಮನಿಗೆ ಕುಂಬಳಕಾಯಿ ಸೂಪು ಇಷ್ಟ ಇತ್ತಾ?"

ಅಪ್ಪ ಹೂಜಿಯನ್ನು ನೋಡಿದ, ಸೂರನ್ನು ನೋಡಿದ.

"ಮನೇಲಿ ಯಾವತ್ತೂ ಮಾಡ್ಲಿಲ್ಲ, ಅಲ್ವಾ?" ಎಂದು ಅವಳೇ ಹೇಳಿಕೊಂಡಳು. "ಕುಂಬಳಕಾಯಿಯನ್ನೇ ತರ್ತಿರ್ಲಿಲ್ಲ."

"ಗೊತ್ತಿಲ್ಲ ಮಗಾ" ಎಂದ ಅಪ್ಪ. "ಕೇಳೋ ಹಾಗಿರ್ಲಿಲ್ಲವಲ್ಲ."

ಕೊನೆಯ ಸಲ ಬಂದಾಗ ಅಮ್ಮನಿಗೆ ನೀರೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಂದೂ ಮಗಳು ಕುಂಬಳಕಾಯಿ ಸೂಪು ಎಂದೇ ಹೇಳಿದ್ದಳು. ಒಂದು ಚಮಚ, ವಿಶ್ರಾಂತಿ, ಇನ್ನೊಂದು ಚಮಚ. ವೇಟರ್ ಮೂರು ಸಲ ಬೋಗುಣಿ ಎತ್ತಲು ಬಂದು ಹಿಂದಿರುಗಿದ್ದ. ಕಡೆಗೆ ಅಮ್ಮ ಅದನ್ನು ಖಾಲಿ ಮಾಡಿ, ಮಗಳ ಕಡೆ ವಾಲಿಸಿ ತೋರಿಸಿದ್ದಳು. ಅಮ್ಮನಿಗೆ ಇದೆಂದರೆ ಎಷ್ಟು ಇಷ್ಟ ಎಂದು ಅವಳು ಆ ದಿನ ಮನೆಗೆ ಹೋಗುವವರೆಗೂ ಹಿಗ್ಗುತ್ತಿದ್ದಳು. ಈಗ ಅವಳ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಕೈಚೀಲದಲ್ಲಿದ್ದ ಕರವಸ್ತ್ರ ಬೇಕಿತ್ತು. ಚೀಲ ಅಪ್ಪನ ಮಡಿಲಲ್ಲಿತ್ತು. ಲಾಂಡ್ರಿಯಾಕೆ ತನ್ನ ಕರವಸ್ತ್ರವನ್ನು ಮೇಜಿನ ಮೇಲೆ ಅವಳತ್ತ ಸರಿಸಿದಳು. ನಾಲ್ಕು ಮಡಿಕೆ, ಅಂಚಿಗೆ ಅಂಚು ಕೂಡಿತ್ತು. ಅವಳು ಅದನ್ನು ಬಿಡಿಸಿ ಮುಖ ಒರೆಸಿಕೊಂಡಳು.

"ನಿನಗೆ ನೂಡಲ್ಸ್ ಆದ್ರೂ..." ಎಂದು ಅಪ್ಪ ಹೆದರಿಕೊಂಡೇ ಕೇಳಿದ.

"ಇಷ್ಟಾನೇ ಅಪ್ಪ. ದೇವರಾಣೆ."

ಅಪ್ಪ ಉಸಿರು ಬಿಟ್ಟ ರಭಸಕ್ಕೆ ಕಾಗದದ ಕರವಸ್ತ್ರವೊಂದು ಹಾರಿತು. ಮಗಳು ನಕ್ಕುಬಿಟ್ಟಳು. ಅಳು ಇನ್ನೂ ಮುಗಿದಿರಲಿಲ್ಲ.

ವೇಟರ್ ಬರೆದುಕೊಂಡ: ಒಂದು ನೂಡಲ್ಸ್. ಅಪ್ಪ ತುಂಬ ಯೋಚಿಸಿ, ಮೊದಲ ದಿನ ಶಾಲೆಗೆ ಬಂದವನಂತೆ ಎದ್ದು ನಿಂತು, ನಿಂಬೆ ಹಿಂಡಿದ ಮೀನು ಎಂದ. ಎದ್ದದ್ದು ಯಾಕೆಂದು ಅವನಿಗೇ ತಿಳಿಯಲಿಲ್ಲ, ಕೂತುಕೊಂಡ. ವೇಟರ್ ಅದನ್ನೂ ಬರೆದುಕೊಂಡು ಮಗಳ ಕಡೆ ನೋಡಿದ.

ಉಳಿದದ್ದು ಅವಳ ಬಲಗಡೆಯವಳ ಊಟ. ಅಪ್ಪನೂ ಅವಳನ್ನೇ ನೋಡುತ್ತಿದ್ದ. ಅವನ ಕಣ್ಣಲ್ಲಿ ಕೇಳುವುದೆಲ್ಲ ಇತ್ತು. ಬೇಡವೆನ್ನಲು ಬೆಳಿಗ್ಗೆಯಿಂದ ಜೋಡಿಸಿಟ್ಟುಕೊಂಡ ಮಾತು ಎಲ್ಲಿಗೆ ಹೋಯಿತೋ, ಹುಡುಕಿದರೂ ಅವಳಿಗೆ ಸಿಗಲಿಲ್ಲ. ಮೆನು ಕಾರ್ಡನ್ನು ಎಳೆದುಕೊಂಡು, ಇಬ್ಬರಿಗೂ ಕಾಣುವಂತೆ ನಡುವೆ ಬಿಡಿಸಿಟ್ಟಳು. ಕುರ್ಚಿಯನ್ನು ಬಲಕ್ಕೆ ಒಂದಿಷ್ಟು ಜರುಗಿಸಿದಳು.

"ನಿಮಗೆ ಏನಿಷ್ಟ?" ಎಂದು ಕೇಳಿದಳು. "ನಿಧಾನವಾಗಿ ಹೇಳಿ. ಅವಸರ ಇಲ್ಲ."

ಲಾಂಡ್ರಿಯಾಕೆ ಕಾರ್ಡಿನ ಕಡೆ ನೋಡಲಿಲ್ಲ. ಕಣ್ಣು ಅರೆಮುಚ್ಚಿ, ತಾನು ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲಿ ಯಜಮಾನಿಯೊಬ್ಬಳು ಇಸ್ತ್ರಿಯ ಕೆಂಡದಲ್ಲಿ ಗೆಣಸು ಸುಟ್ಟು ಕೊಡುತ್ತಿದ್ದಳು ಎಂದಳು. ಪಾತ್ರೆಯ ತಳ ಹಿಡಿದ ಅನ್ನದ ಸೀಕಲು ಇಷ್ಟ ಎಂದಳು. ಅದನ್ನು ಯಾರಿಗೂ ಕಾಣದಂತೆ ಕೆರೆದು ತಿನ್ನುತ್ತಿದ್ದಳಂತೆ. ಇನ್ನು ಬಿಸಿ ಹಾಲಿನ ಕೆನೆ. ಇನ್ನು, ಮಾವಿನ ಕಾಯಿ ಅಲ್ಲ, ಹಣ್ಣೂ ಅಲ್ಲ, ಎರಡರ ನಡುವಿನದು. ಅದರಲ್ಲಿ ಒಂದೂ ಆ ಹೋಟೆಲಿನಲ್ಲಿ ಸಿಗುವಂಥದ್ದಾಗಿರಲಿಲ್ಲ. ವೇಟರ್ ಪೆನ್ಸಿಲನ್ನು ಕೆಳಗಿಳಿಸಿ, ಕೇಳುತ್ತ ನಿಂತ.