ಲಿವಿಯೋ ನುಡಿಸದೆ ಬಿಟ್ಟದ್ದು

ಸ್ವಂತ ಹಾಡನ್ನೇ ತಪ್ಪಾಗಿ ನುಡಿಸಿ ಲಿವಿಯೋ ಸುಪೆರಿನಾ ಶಿಷ್ಯರ ಕೈಲಿ ಬೈಸಿಕೊಂಡ ಎಂಬ ಸುದ್ದಿ ಊಟದ ಹೊತ್ತಿಗೆಲ್ಲ ರಿಯೆಕಾದ ಬಂದರನ್ನು ಒಂದು ಸುತ್ತು ಹಾಕಿ ಬಂದಿತ್ತು. ಹಾಕದೆ ಏನು ಮಾಡೀತು? ಅವನು ಗಿಟಾರು ಕಲಿಸುತ್ತಿದ್ದದ್ದು ಮೀನು ಮಾರುಕಟ್ಟೆಯ ಮಹಡಿಯಲ್ಲಿ. ಕೆಳಗೆ ಸಾರ್ಡಿನ್ ತೂಗುವ ಹೆಂಗಸರ ಕಿವಿಗೆ ಬಿದ್ದ ಮೇಲೆ ಯಾವ ಮಾತೂ ಅಲ್ಲೇ ಉಳಿಯುವುದಿಲ್ಲ.

ಆದದ್ದಿಷ್ಟು. ಇಪ್ಪತ್ತು ಜನ ಅಭಿಮಾನಿಗಳು ಗಿಟಾರು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಎಲ್ಲರಿಗೂ ತಲೆ ನೆರೆತಿದೆ, ಕೆಲವರಿಗೆ ನೆರೆಯಲೂ ಏನೂ ಉಳಿದಿಲ್ಲ. ಅವರೆಲ್ಲ ಹುಡುಗರಾಗಿದ್ದಾಗ ಲಿವಿಯೋನ ತಂಡ 'ಒದ್ದೆ ಬೆಂಕಿಕಡ್ಡಿ' ಊರಿನಲ್ಲಿ ಧೂಳೆಬ್ಬಿಸಿತ್ತು. ತಂಡ ಒಡೆದು ಎಷ್ಟೋ ಕಾಲವಾಗಿದ್ದರೂ ಅದರ ಒಂದು ಹಾಡು, 'ಹಡಗು ನಿಲ್ಲಲಿಲ್ಲ', ಇನ್ನೂ ನಿಂತಿಲ್ಲ. ಈ ಬೇಸಿಗೆಯಲ್ಲಿ ತಂಡ ಒಂದೇ ಒಂದು ಸಲ ಮತ್ತೆ ಸೇರಿ ಬಂದರಿನ ಕಟ್ಟೆಯ ಮೇಲೆ ಹಾಡುವುದಿತ್ತು. ಕೊನೆಯ ಹಾಡಿಗೆ ಅಭಿಮಾನಿಗಳೂ ಗಿಟಾರು ಹಿಡಿದು ವೇದಿಕೆ ಹತ್ತುತ್ತಾರೆ, ಅವರಿಗೆ ತಾನೇ ಕಲಿಸುತ್ತೇನೆ ಎಂದು ಲಿವಿಯೋ ಮುಂದೆ ಬಂದಿದ್ದ. ಎಂಥ ದೊಡ್ಡ ಮನಸ್ಸು ಎಂದು ಪತ್ರಿಕೆಯವರು ಬರೆದರು. ದೊಡ್ಡ ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ಅವನಿಗೆ ಬೇರೆಯೇ ಲೆಕ್ಕವಿತ್ತು.

ಆ ಹಾಡಿನ ನಡುವೆ ಒಂದು ಮೌನವಿದೆ. ಹಾಡುಗಾರ 'ಹಡಗು ನಿಲ್ಲಲಿಲ್ಲ' ಅನ್ನುತ್ತಾನೆ, ಡ್ರಮ್ಮು ನಿಲ್ಲುತ್ತದೆ, ಎಲ್ಲವೂ ನಿಲ್ಲುತ್ತದೆ, ಒಂದು ದೀರ್ಘ ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಎಲ್ಲವೂ ಒಟ್ಟಿಗೆ ಧುಮುಕುತ್ತದೆ. ಈ ಮೌನಕ್ಕೆ ನಮ್ಮೂರಲ್ಲಿರುವ ಮರ್ಯಾದೆ ಮೇಯರಿಗೂ ಇಲ್ಲ. ಮದುವೆಯಲ್ಲಿ ಗಂಡು ಹೆಣ್ಣಿಗೆ ಮುತ್ತಿಡುವುದು ಆ ಮೌನದಲ್ಲಿ. ಗೋರಿಯೊಳಗೆ ಶವಪೆಟ್ಟಿಗೆ ಇಳಿಸುವುದೂ ಆ ಮೌನದಲ್ಲಿ. ಅದು ಬಂದಾಗ ಜನ ಇದ್ದಲ್ಲೇ ಕಣ್ಣು ಮುಚ್ಚಿ ಖಾಲಿ ಅಂಗೈ ಮೇಲೆತ್ತುತ್ತಾರೆ. ರೇಡಿಯೋ ಕೇಳುತ್ತಾ ಹಾಗೆ ಮಾಡಿದ ಬಸ್ ಡ್ರೈವರೊಬ್ಬ ಬಸ್ಸನ್ನು ಬೇಕರಿಗೆ ನುಗ್ಗಿಸಿದ್ದೂ ಉಂಟು, ಅವನನ್ನು ಯಾರೂ ಬೈಯಲಿಲ್ಲ.

ಅಂಥ ಮೌನ ಬಂದಾಗ ಇಪ್ಪತ್ತು ಜನ ಕೈ ತಡೆದು ಕಣ್ಣು ಮುಚ್ಚಿದರು. ಲಿವಿಯೋ ಮಾತ್ರ ನುಡಿಸಿದ. ಪುಟ್ಟ ತುಣುಕು, ಯಾರೋ ಮೆಟ್ಟಿಲಿಳಿದು ಓಡಿಬಂದಂಥ ಏಳೆಂಟು ಸ್ವರ.

ಕಣ್ಣುಗಳು ಒಂದೊಂದಾಗಿ ತೆರೆದವು. ಅಭಿಮಾನಿ ಸಂಘದ ಅಧ್ಯಕ್ಷ ಗೋರ್ದಾನ್ ಗಂಟಲು ಸರಿಮಾಡಿಕೊಂಡ. ದೊಡ್ಡ ಹಡಗುಗಳನ್ನು ದಾರಿ ತೋರಿಸಿ ಬಂದರಿನೊಳಗೆ ತರುವುದು ಅವನ ಕೆಲಸ, ಹಾಗಾಗಿ ಯಾರನ್ನಾದರೂ ತಿದ್ದುವುದಕ್ಕೆ ಅಳುಕಿಲ್ಲ.

"ಬಾರ್ಬಾ, ತಪ್ಪಿದ್ರಿ," ಅಂದ. ನಮ್ಮಲ್ಲಿ ಹಿರಿಯರನ್ನೆಲ್ಲ ಬಾರ್ಬಾ ಅನ್ನುವುದು, ನೆಂಟಸ್ತಿಕೆ ಇರಲಿ ಬಿಡಲಿ.

"ಎಲ್ಲಯ್ಯಾ ತಪ್ಪಿದೆ?"

"ಮೌನದಲ್ಲಿ ನುಡಿಸಿಬಿಟ್ರಿ."

"ಅಲ್ಲಿ ನುಡಿಸಬೇಕಾದ್ದೇ ಅದು. ಹಾಡು ಕಟ್ಟಿದೋನು ನಾನು ಕಣಯ್ಯಾ."

"ಕಟ್ಟಿದೋರು ನೀವೇ, ಇಲ್ಲ ಅನ್ನಲ್ಲ. ಆದ್ರೆ ಕೇಳಿದೋರು ನಾವು. ನೀವು ಒಂದ್ಸಲ ಕಟ್ಟಿದ್ರಿ, ನಾವು ದಿನಾ ಕೇಳಿದೀವಿ."

ಔಷಧಿ ಅಂಗಡಿಯ ನೀವೆಸ್ ತೋಳು ಮಡಚಿ ತೋರಿಸಿದಳು. ಹೆಗಲಿಂದ ಮಣಿಕಟ್ಟಿನವರೆಗೆ ಹಾಡಿನ ಸ್ವರಗಳ ಹಚ್ಚೆ. ಮೌನ ಬರುವಲ್ಲಿ, ಮೊಣಕೈ ಹತ್ತಿರ, ಅಂಗೈಯಗಲ ಬರೀ ಚರ್ಮ.

"ಇಲ್ಲೂ ಚುಚ್ಚಿಸ್ಕೊಳ್ಳಬೇಕಾ ಬಾರ್ಬಾ? ಮೊಣಕೈ ಹತ್ರ ತುಂಬಾ ನೋಯತ್ತೆ ಅಂತಾರೆ."

ಲಿವಿಯೋ ಗಿಟಾರನ್ನು ಚೀಲಕ್ಕೆ ಹಾಕಿದ. ತರಗತಿ ಅಲ್ಲಿಗೆ ಮುಗಿಯಿತು.

ಅವನ ಸಂಕಟ ಇದು. ಅದು ಮೌನವೇ ಅಲ್ಲ. ಉಳಿದ ವಾದ್ಯಗಳು ನಿಂತು ಗಿಟಾರು ಒಂಟಿಯಾಗಿ ಮಾತಾಡಬೇಕಾದ ಜಾಗ ಅದು. ಹಾಡು ಕಟ್ಟುವಾಗ ಅವನಿಗೆ ಓರ್ನೆಲಾ ಎಂಬ ಹುಡುಗಿಯ ಹುಚ್ಚು. ಅವಳು ಕಡಿದಾದ ಕಲ್ಲುಮೆಟ್ಟಿಲ ಬೀದಿಯಲ್ಲಿ ದಡದಡ ಇಳಿದು ಬರುತ್ತಿದ್ದ ರೀತಿಯನ್ನೇ ಹಿಡಿದು ಆ ತುಣುಕು ಕಟ್ಟಿದ್ದ. ಮೊದಲ ಸಲ ಹಾಡಿನೊಳಗೇ ಕೇಳಲಿ ಎಂದು ಅವಳಿಗೆ ನುಡಿಸಿ ತೋರಿಸದೆ ಮುಚ್ಚಿಟ್ಟು, ರೆಕಾರ್ಡಿಂಗಿಗೆ ಜೊತೆಯಲ್ಲಿ ಕರೆದುಕೊಂಡು ಹೋದ. ಗಾಜಿನಾಚೆ ಕೂತು ಅವಳು ಪೀಚ್ ಹಣ್ಣು ತಿನ್ನುತ್ತಿದ್ದಳು. ಆ ಜಾಗ ಬಂತು. ಅವಳ ಮುಖ ನೋಡೋಣ ಎಂದು ಇವನು ತಲೆಯೆತ್ತಿದ. ಅವಳು ಧ್ವನಿ ಹಿಡಿಯುವ ತಂತ್ರಜ್ಞನ ಯಾವುದೋ ಮಾತಿಗೆ ನಗುತ್ತಿದ್ದಳು, ಹಣ್ಣಿನ ರಸ ಗದ್ದಕ್ಕೆ ಇಳಿದಿತ್ತು. ಇವನ ಕೈ ಗಾಳಿಯಲ್ಲೇ ನಿಂತುಹೋಯಿತು. ಎಚ್ಚರವಾಗುವ ಹೊತ್ತಿಗೆ ಜಾಗ ದಾಟಿತ್ತು.

ಇನ್ನೊಂದು ಸಲ ಹಾಡೋಣವೆಂದರೆ ಟೇಪು ಮುಗಿದಿತ್ತು, ಸ್ಟುಡಿಯೋಗೆ ಮುಂದಿನ ತಂಡ ಬಂದು ಬಾಗಿಲಲ್ಲಿ ನಿಂತಿತ್ತು. ಹಾಡುಗಾರ ವಾಲ್ಟರ್ ದಾರಿಯುದ್ದಕ್ಕೂ ಲಿವಿಯೋಗೆ ಉಗಿದ. ರೆಕಾರ್ಡು ಹಾಗೇ ಹೊರಬಂತು. ದೇಶ ಬಿಟ್ಟು ಹೋದವರಿಗಾಗಿ ಹಿಡಿದ ಮೌನ ಎಂದು ಒಬ್ಬ ವಿಮರ್ಶಕ ಬರೆದ, ಸರ್ಕಾರಕ್ಕೆ ಹೊಡೆದ ಕಪಾಳಮೋಕ್ಷ ಎಂದು ಇನ್ನೊಬ್ಬ. ಮರುವಾರವೇ ವಾಲ್ಟರ್ ರೇಡಿಯೋದಲ್ಲಿ, "ಅಲ್ಲಿ ಸುಮ್ಮನಿರು ಅಂತ ಗಿಟಾರಿನವನಿಗೆ ನಾನೇ ಹೇಳಿದ್ದು," ಅಂದ. ಅಲ್ಲಿಂದಾಚೆಗೆ ವೇದಿಕೆಯ ಮೇಲೆ ಆ ತುಣುಕು ನುಡಿಸಲು ಲಿವಿಯೋನನ್ನು ಬಿಟ್ಟವರಿಲ್ಲ.

ಓರ್ನೆಲಾ ಅವನನ್ನೇ ಮದುವೆಯಾದಳು. ಬಾಯಿ ತಡೆಯಲಾರದೆ ಅವನು ಒಂದು ದಿನ ವಿಷಯ ಹೇಳಿಬಿಟ್ಟ. ಆದರೂ ಮನೆಯಲ್ಲಿ ನುಡಿಸಿ ತೋರಿಸಲು ಒಪ್ಪಲಿಲ್ಲ. ಹಾಡಿನೊಳಗೇ ಕೇಳಬೇಕು ಎಂಬ ಹಟ ನೋಡಿ. ಅದರ ಫಲವನ್ನು ಇವತ್ತಿಗೂ ಉಣ್ಣುತ್ತಿದ್ದಾನೆ.

ಆ ದಿನವೂ ಮನೆಗೆ ಬಂದಾಗ ಅವಳು ಸೊಪ್ಪು ಹೆಚ್ಚುತ್ತಾ ಕೇಳಿದಳು: "ಮೀನಿನವ್ರು ಹೇಳಿದ್ರು. ನಿನ್ನ ಹಾಡು ನಿನಗೇ ಬರಲ್ವಂತೆ?"

"ನಿನಗಾಗಿ ಕಟ್ಟಿದ್ದನ್ನ ನುಡಿಸಿದೆ. ಬೈದ್ರು."

"ಊರಿನ ಹೆಂಡ್ತೀರಿಗೆಲ್ಲ ಗಂಡಂದಿರು ಇರೋ ಹಾಡು ಹಾಡ್ತಾರೆ. ನನಗೆ ಸಿಕ್ಕಿದ್ದು ನೋಡು, ಇಡೀ ಹಾಡಲ್ಲಿ ಯಾವುದು ಇಲ್ವೋ ಅದು." ನಗುತ್ತಲೇ ಅಂದಳು. ಚಾಕು ಮಾತ್ರ ಸ್ವಲ್ಪ ಜೋರಾಗಿ ಹಲಗೆಗೆ ಬಿತ್ತು. "ಅಂಥದ್ದೊಂದು ಇದ್ಯೋ ಇಲ್ವೋ ಅಂತ ನನಗೆ ಯಾವಾಗ್ಲೂ ಅನುಮಾನ ಮಾರಾಯ."

ಲಿವಿಯೋಗೆ ಅದು ನಾಟಿತು. ಅವನಿಗಿನ್ನು ಉಳಿದದ್ದು ಈ ಒಂದು ಕಛೇರಿ. ಮತ್ತೆ ಸೇರುವ ಮಾತಿಲ್ಲ ಎಂದು ವಾಲ್ಟರ್ ಆಗಲೇ ಹೇಳಿಯಾಗಿತ್ತು. ಇಪ್ಪತ್ತು ಗಿಟಾರುಗಳು ಒಟ್ಟಿಗೆ ಆ ತುಣುಕು ನುಡಿಸಿದರೆ ವಾಲ್ಟರ್ ಯಾರ ಕೈ ಹಿಡಿದಾನು? ಹಾಗೆಂದೇ ಈ ತರಗತಿ, ಈ ದೊಡ್ಡ ಮನಸ್ಸು.

ಮುಂದಿನ ಪಾಠಕ್ಕೆ ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಹಣ್ಣು, ಗಾಜು, ಗದ್ದದ ಮೇಲಿನ ರಸ, ಎಲ್ಲ. "ಅದು ಮೌನ ಅಲ್ಲ ಕಣ್ರಯ್ಯಾ, ನಾನು ಮಾಡಿದ ತಪ್ಪು. ಹೆಂಡ್ತಿ ಮುಖ ನೋಡ್ತಾ ಮರೆತುಬಿಟ್ಟೆ, ಅಷ್ಟೆ."

ಇಪ್ಪತ್ತು ಜನರೂ ಗಿಟಾರು ಕೆಳಗಿಟ್ಟರು. ಆಮೇಲೆ ಚಪ್ಪಾಳೆ ಬಿತ್ತು.

"ನೋಡಿದ್ರಾ, ಎಂಥ ವಿನಯ," ಅಂದ ಗೋರ್ದಾನ್, ಕಣ್ಣೊರೆಸಿಕೊಂಡು. "ಬೇರೆ ಯಾರಾದ್ರೂ ಆಗಿದ್ರೆ ನಾನೇ ಮಾಡಿದ್ದು ಅಂತ ಕುಣೀತಿದ್ರು. ಇವರು ತಪ್ಪು ಅಂತಾರೆ."

"ವಿನಯ ಅಲ್ವೋ, ಸತ್ಯ!"

"ಇನ್ನೂ ವಿನಯ," ಅಂದಳು ನೀವೆಸ್.

ಅಷ್ಟಕ್ಕೇ ಬಿಡಲಿಲ್ಲ. ಮೌನದ ಅಳತೆ ಲಿವಿಯೋಗೆ ಸರಿಯಾಗಿ ಬರುತ್ತಿಲ್ಲ, ಒಮ್ಮೆ ಬೇಗ ಬರುತ್ತಾನೆ, ಒಮ್ಮೆ ತಡ, ಇದು ವೇದಿಕೆಯ ಮೇಲೆ ಅವಮಾನ ಎಂದು ತೀರ್ಮಾನವಾಯಿತು. ಗೋರ್ದಾನ್ ಅವನ ಎದುರು ಕೂತು ಮಂಡಿ ತಟ್ಟುತ್ತಾ ಸುಮ್ಮನಿರುವುದನ್ನು ಹೇಳಿಕೊಟ್ಟ. ಕಲಿಸಲು ಬಂದವನು ಶಿಷ್ಯರಿಂದ ಏನೂ ನುಡಿಸದೆ ಇರುವುದನ್ನು ಕಲಿತ, ಅದೂ ಎರಡೆರಡು ಸಲ ತಪ್ಪಿ. ಕೆಳಗಿನ ಹೆಂಗಸರು ನಕ್ಕ ನಗು ಮೇಲಕ್ಕೂ ಕೇಳುತ್ತಿತ್ತು.

ಬೇಸಿಗೆ ಬಂತು. ವಾಲ್ಟರ್ ಕಪ್ಪು ಕನ್ನಡಕ ಹಾಕಿಕೊಂಡು ಬಂದ, ಎಲ್ಲರ ಬೆನ್ನು ತಟ್ಟಿದ, ಲಿವಿಯೋನನ್ನು ಪಕ್ಕಕ್ಕೆ ಕರೆದ. "ಲೋ, ಮೌನದಲ್ಲಿ ನೀನು ಕೆಮ್ಮಿದ್ರೂ ನಾನು ಮೈಕು ಎಸೆದು ಹೋಗ್ತೀನಿ. ಜನ ಬರೋದೇ ಅದಕ್ಕೆ. ನನ್ನ ಜೀವಮಾನದ ಒಳ್ಳೇ ಯೋಚನೆ ಅದು."

"ನಿನ್ನ ಯೋಚನೆ," ಅಂದ ಲಿವಿಯೋ.

"ಮತ್ತೆ?"

ಆ ಸಂಜೆ ಲಿವಿಯೋ ನಾಚಿಕೆ ಬಿಟ್ಟು ಗೋರ್ದಾನನನ್ನು ಬೇಡಿಕೊಂಡ. ಇಪ್ಪತ್ತು ಜನ ನುಡಿಸುವುದು ಬೇಡ, ಅವರು ಸುಮ್ಮನಿರಲಿ. ತಾನೊಬ್ಬ ನುಡಿಸುತ್ತೇನೆ, ಒಂದೇ ಸಲ, ಓರ್ನೆಲಾ ಮುಂದಿನ ಸಾಲಿನಲ್ಲಿರುತ್ತಾಳೆ, ಅಡ್ಡ ಬರಬೇಡಿ ಅಷ್ಟೆ. ಗೋರ್ದಾನ್ ಬಹಳ ಹೊತ್ತು ಸಮುದ್ರ ನೋಡಿದ. ಕೊನೆಗೆ ಅವನ ಭುಜದ ಮೇಲೆ ಕೈಯಿಟ್ಟು, "ಆಯ್ತು ಬಾರ್ಬಾ. ಎಷ್ಟಂದ್ರೂ ನಿಮ್ಮ ಹಾಡು," ಅಂದ. ನೆಂಟರಿಗೆ ಒಳ್ಳೆಯ ಕುರ್ಚಿ ಬಿಟ್ಟುಕೊಡುವವನ ದನಿ ಅದು. ಲಿವಿಯೋಗೆ ಅದೇ ಸಾಕಾಗಿತ್ತು, ಅವನ ಕಣ್ಣು ತುಂಬಿ ಬಂತು.

ಕಛೇರಿಯ ದಿನ ಹೊತ್ತು ಮುಳುಗುವ ಮೊದಲೇ ಕಟ್ಟೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಕ್ರೇನುಗಳ ಮೇಲೂ ಜನ ಹತ್ತಿದ್ದರು. ಓರ್ನೆಲಾ ನೀಲಿ ಅಂಗಿ ತೊಟ್ಟು, ಮಂಡಿ ನೋವೆಂದು ಗೊಣಗುತ್ತಾ ಮುಂದಿನ ಸಾಲಿನಲ್ಲಿ ನಿಂತಿದ್ದಳು. ಕೊನೆಯ ಹಾಡು ಶುರುವಾಯಿತು. ಇಪ್ಪತ್ತು ಶಿಷ್ಯರು ರೆಕಾರ್ಡಿನಲ್ಲಿದ್ದ ಹಾಗೆಯೇ ನುಡಿಸಿದರು. ನಿಜ ಹೇಳಬೇಕೆಂದರೆ ಗುರುವಿಗಿಂತ ಚೆನ್ನಾಗಿ ನುಡಿಸಿದರು. ವಾಲ್ಟರ್ ಇಲ್ಲದ ದನಿಯನ್ನು ಎಲ್ಲಿಂದಲೋ ಎಳೆದು ತಂದು 'ಹಡಗು ನಿಲ್ಲಲಿಲ್ಲ' ಅಂದ. ಡ್ರಮ್ಮು ನಿಂತಿತು. ಊರಿಗೆ ಊರೇ ಕಣ್ಣು ಮುಚ್ಚಿ ಅಂಗೈ ಎತ್ತಿತು.

ಲಿವಿಯೋ ಈ ಸಲ ತಲೆಯೆತ್ತಲಿಲ್ಲ. ಕೈ ನೋಡಿಕೊಂಡೇ ನುಡಿಸಿದ. ಒಂದು ಸ್ವರವೂ ಜಾರಲಿಲ್ಲ, ಅಷ್ಟು ಚೆನ್ನಾಗಿ ಅವನು ಯಾವತ್ತೂ ನುಡಿಸಿರಲಿಲ್ಲ.

ಆದರೆ ಸ್ಪೀಕರುಗಳಿಂದ ಏನೂ ಬರಲಿಲ್ಲ. ಆ ಜಾಗದಲ್ಲಿ ಗಿಟಾರುಗಳನ್ನೆಲ್ಲ ಒಟ್ಟಿಗೆ ಬಂದ್ ಮಾಡಿಬಿಡು ಎಂದು ಗೋರ್ದಾನ್ ಧ್ವನಿ ನೋಡಿಕೊಳ್ಳುವವನಿಗೆ ಮೊದಲೇ ಹೇಳಿಟ್ಟಿದ್ದ. ತನ್ನ ಗಿಟಾರು ತನಗೆ ಕೇಳಲೆಂದು ಲಿವಿಯೋ ಕಾಲ ಬಳಿ ಇಟ್ಟುಕೊಂಡಿದ್ದ ಕೈಚೀಲದಷ್ಟು ಪುಟ್ಟ ಸ್ಪೀಕರ್ ಪೆಟ್ಟಿಗೆಯಿಂದ ಮಾತ್ರ ಸಣ್ಣಗೆ ಕಿಣಿಕಿಣಿ ಎಂದು ಹೊರಟು ಮುಂದಿನ ಸಾಲಿನವರೆಗೆ ಹೋಗಿ ಸತ್ತಿತು. ಅಲ್ಲಿ ಒಂದಿಬ್ಬರು ಕಣ್ಣು ಮುಚ್ಚಿಕೊಂಡೇ "ಶ್ಶ್" ಅಂದರು. ಮರುಗಳಿಗೆ ಎಲ್ಲ ವಾದ್ಯಗಳೂ ಧುಮುಕಿದವು, ಬಂದರು ಕಿತ್ತುಹೋಗುವ ಹಾಗೆ ಜನ ಕೂಗಿದರು.

ವೇದಿಕೆಯಿಂದ ಇಳಿಯುವಾಗ ಗೋರ್ದಾನ್ ಬಂದು ತಬ್ಬಿಕೊಂಡ. ಅತ್ತು ಮುಖವೆಲ್ಲ ಒದ್ದೆ. "ಮನ್ನಿಸಿ ಬಾರ್ಬಾ, ನನ್ನಿಂದ ಆಗ್ಲಿಲ್ಲ. ಅಪ್ಪನ್ನ ಮಣ್ಣು ಮಾಡುವಾಗ ಇದ್ದದ್ದು ಅದೇ ಮೌನ." ಸ್ವಲ್ಪ ಸುಧಾರಿಸಿಕೊಂಡು ಸೇರಿಸಿದ: "ಅಳತೆ ಮಾತ್ರ ಇವತ್ತು ಸರಿಯಾಗಿ ಬಂತು ನಿಮಗೆ."

ಬೈಯಬೇಕೆಂದು ಲಿವಿಯೋ ಬಾಯಿ ತೆರೆದ. ಅಪ್ಪನ ಹೆಸರು ತಂದವನಿಗೆ ಏನೆಂದು ಬೈಯುವುದು?

ಗಂಡ ಹೆಂಡತಿ ಮನೆಯ ಮೆಟ್ಟಿಲು ಹತ್ತತೊಡಗಿದರು. ಬೀದಿ ದೀಪಗಳು ಹೊತ್ತಿದ್ದವು. ಗಿಟಾರು ಲಿವಿಯೋನ ಬೆನ್ನ ಮೇಲೆ ಕಲ್ಲಿನಂತೆ ಕೂತಿತ್ತು. ಕೇಳಲೋ ಬೇಡವೋ ಎಂದು ಅರ್ಧ ದಾರಿಯವರೆಗೆ ಒದ್ದಾಡಿ, ಕೊನೆಗೆ ಕೇಳಿಯೇಬಿಟ್ಟ: "ಹೇಗಿತ್ತು?"

"ಚೆನ್ನಾಗಿತ್ತು ಮಾರಾಯ, ಸುಳ್ಳು ಯಾಕೆ ಹೇಳ್ಲಿ." ಓರ್ನೆಲಾ ಕಂಬಿ ಹಿಡಿದು ನಿಂತು ಉಸಿರು ತೆಗೆದುಕೊಂಡಳು. "ನನಗಾಗಿ ನುಡಿಸ್ತೀನಿ ಅಂದಿದ್ದೆ ನೀನು, ನುಡಿಸ್ಲಿಲ್ಲ. ಹೋಗ್ಲಿ ಬಿಡು, ಅಭ್ಯಾಸ ಆಗಿದೆ ನನಗೆ. ಆದ್ರೆ ಆ ಮೌನದಲ್ಲಿ ಯಾವುದೋ ಮುಂಡೇದರ ಫೋನ್ ಹೊಡ್ಕೊಳ್ತು ನೋಡು, ಅದಕ್ಕೆ ಸಿಟ್ಟು ಬಂತು. ಕಣ್ಣು ಮುಚ್ಚಿದ್ದೆ, ಇಲ್ದಿದ್ರೆ ಯಾರು ಅಂತ ಹಿಡೀತಿದ್ದೆ. ಶ್ಶ್ ಅಂತ ಗದರಿಸಿದೆ."

"ನೀನಾ ಗದರಿಸಿದ್ದು?"

"ಇನ್ಯಾರು? ಗಂಡನ ಹಾಡು, ನಾನು ಕಾಯದೆ ಇನ್ಯಾರು ಕಾಯ್ತಾರೆ?"

ಅವಳು ಮತ್ತೆ ಹತ್ತತೊಡಗಿದಳು. ಅವನು ಹಿಂದೆಯೇ ನಡೆದ. ಅಷ್ಟರಲ್ಲಿ ಮೇಲಿನ ಮೆಟ್ಟಿಲಿಂದ ಅವಳ ಗುನುಗು ಕೇಳಿತು. ಹೆಜ್ಜೆಗೊಂದು ಸ್ವರ, ಒಂದೂ ತಪ್ಪದೆ, ಏಳೆಂಟು. ಮುಗಿಸಿ, ಮತ್ತೆ ಮೊದಲಿನಿಂದ ಶುರು ಮಾಡಿದಳು.

ಲಿವಿಯೋ ಇದ್ದಲ್ಲೇ ನಿಂತುಬಿಟ್ಟ.

"ಹಾಳಾದ್ದು, ತಲೆಯಿಂದ ಹೋಗ್ತಾನೇ ಇಲ್ಲ," ಅಂದಳು ಓರ್ನೆಲಾ ತಿರುಗಿ. "ಯಾರ ಫೋನೋ ಏನೋ, ರಾಗ ಮಾತ್ರ ಬಲು ಮುದ್ದಾಗಿದೆ. ಎಲ್ಲಿ ಸಿಗತ್ತೆ ಕೇಳಿ ನನ್ನ ಫೋನಿಗೂ ಹಾಕ್ಸಿಕೊಡು."

"ಆಯ್ತು," ಅಂದ ಲಿವಿಯೋ. "ಕೇಳಿ ಹಾಕ್ಸಿಕೊಡ್ತೀನಿ."