ಬಸ್ಸು ಬಾರದ ಸಿಮೆಂಟು ರಸ್ತೆ

"ನಿಮ್ಮಪ್ಪನ ಕಣ ಏನ್ರಿ ಅದು? ರಸ್ತೆ ಕಣ್ರಿ, ರಸ್ತೆ! ಬಸ್ ಓಡಾಡೋಕೆ ಹಾಕಿರೋದು!"

ಶಾಲೆಯಲ್ಲಿ ಸೇರಿದ್ದ ವಾರ್ಡ್ ಸಭೆಯಲ್ಲಿ ತಿಮ್ಮಮ್ಮ ಮೇಜು ಗುದ್ದಿದ ರಭಸಕ್ಕೆ ಹೆಡ್‌ಮಾಸ್ತರರ ಗಂಟೆ ಉರುಳಿ ನೆಲಕ್ಕೆ ಬಿದ್ದು ಠಣ್ಣೆಂದಿತು. ಹಿಂದಿನ ಬೆಂಚಿನ ಇಬ್ಬರು ಹಳೇ ಅಭ್ಯಾಸಕ್ಕೆ ಮನೆಗೆ ಹೋಗಲು ಎದ್ದು ನಿಂತರು.

"ಅಪ್ಪನ ಸುದ್ದಿ ಎತ್ಬೇಡ ಮಾರಾಯ್ತಿ!" ಲಿಂಗಪ್ಪ ಏಳಲು ನೋಡಿದ. ಒಂದನೇ ಕ್ಲಾಸಿನ ಬೆಂಚಿಗೆ ಮಂಡಿ ಸಿಕ್ಕಿಕೊಂಡಿತ್ತು; ಕೂತಲ್ಲಿಂದಲೇ ಕೂಗಿದ. "ರಸ್ತೆ ಮಾಡ್ಸಿ, ರಸ್ತೆ ಮಾಡ್ಸಿ ಅಂತ ಪಂಚಾಯ್ತಿ ಬಾಗ್ಲಲ್ಲಿ ಬಾಯಿ ಬಡ್ಕೊಂಡೋಳು ನೀನೇ. ಮಾಡ್ಸಿದ್ರು. ಈಗ ಅದ್ರ ಮೇಲೆ ನಾಕು ಕಾಳು ಕಾಫಿ ಹರವಿದ್ರೆ ನಿಂಗೆ ಎಂಥ ಉರಿ?"

"ನಾಕು ಕಾಳಾ? ಚಪ್ಪಲಿ ಊರಕ್ಕೆ ಜಾಗ ಇಲ್ಲ!"

ಲಿಂಗಪ್ಪ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ತಿಮ್ಮಮ್ಮನಿಗೆ ಇನ್ನಷ್ಟು ಸಿಟ್ಟು. ಬಣಕಲ್ಲಿನಿಂದ ಒಳಕ್ಕೆ ಹೋದರೆ ಸಿಗುವ ಗುಡ್ಡದಕೇರಿಗೆ ಆವರೆಗೆ ಇದ್ದದ್ದು ಮಣ್ಣಿನ ದಾರಿ. ಬಸ್ಸು ಜಾರುತ್ತ, ಹೂತುಕೊಳ್ಳುತ್ತ, ಜನರ ಕೈಲಿ ತಳ್ಳಿಸಿಕೊಳ್ಳುತ್ತ ಗುಡ್ಡದ ತುದಿಯಲ್ಲಿದ್ದ ಅವಳ ಹೋಟೆಲಿನವರೆಗೂ ಬರುತ್ತಿತ್ತು. ತಳ್ಳಿ ತಳ್ಳಿ ಹಸಿದವರು ಬಂದು ಕಡುಬಿಗೆ ಮುಗಿಬೀಳುತ್ತಿದ್ದರು. ಇಂಥ ದಾರೀಲೇ ಇಷ್ಟು ವ್ಯಾಪಾರ ಆದರೆ ಒಳ್ಳೇ ರಸ್ತೆ ಆದಮೇಲೆ ಇನ್ನೆಷ್ಟು ಎಂದು ಅವಳು ಲೆಕ್ಕ ಹಾಕಿದ್ದಳು. ಕೊನೆಗೂ ತೊಂಬತ್ತೆಂಟರ ದೀಪಾವಳಿ ಹೊತ್ತಿಗೆ ರಸ್ತೆ ಆಯಿತು. ಬೆಳ್ಳಗೆ, ನುಣ್ಣಗೆ, ಬಿಸಿಲಿಗೆ ಕಾವಲಿಯ ಹಾಗೆ ಕಾಯುವ ಸಿಮೆಂಟು. ಇಡೀ ಊರಲ್ಲಿ ಯಾರಿಗೂ ಅಂಥ ಕಾಫಿ ಕಣ ಇರಲಿಲ್ಲ. ಕೊಯ್ಲು ಶುರುವಾದದ್ದೇ ತಡ, ಬುಡದಿಂದ ತುದಿಯವರೆಗೆ ಕಾಫಿ ಹಣ್ಣು ಹರಡಿಕೊಂಡಿತು. ಡ್ರೈವರು ಒಂದು ದಿನ ಹೇಗೋ ಬಸ್ಸು ಹತ್ತಿಸಿದ. ಕಾಫಿ ಮೇಲೆ ಗಾಲಿ ಬಿಟ್ಟನೆಂದು ನಾಲ್ಕು ಜನ ದೊಣ್ಣೆ ಹಿಡಿದು ಅಟ್ಟಿಸಿಕೊಂಡು ಹೋದರು. ಮಾರನೆಯ ದಿನದಿಂದ ಅವನು ಕೆಳಗೆ, ದಾರಿ ಕವಲೊಡೆಯುವ ಕೈಮರದಲ್ಲೇ ಬಸ್ಸು ತಿರುಗಿಸತೊಡಗಿದ. ಗಂಡ ಹೋದಮೇಲೆ ತಿಮ್ಮಮ್ಮನ ಹೊಟ್ಟೆ ಹೊರೆದದ್ದು ಆ ಹೋಟೆಲು. ಈಗ ಬೆಳಗಿನ ಕಡುಬು ಮಧ್ಯಾಹ್ನಕ್ಕೆ ದನದ ಬಾನಿಗೆ ಹೋಗುತ್ತಿತ್ತು. ಇನ್ನೊಂದು ತಿಂಗಳು ಹೀಗೇ ನಡೆದರೆ ಒಲೆ ಆರಿಸುವುದೇ. ಅದಕ್ಕೇ ಅವಳು ಇವತ್ತಿನ ವಾರ್ಡ್ ಸಭೆಗೆ ಬಂದದ್ದು.

"ಗಲಾಟೆ ಬೇಡ," ಎಂದರು ಅಧ್ಯಕ್ಷ ಚಂದ್ರಶೇಖರಪ್ಪನವರು. ಶಾಲೆಯಲ್ಲಿದ್ದ ಒಂದೇ ದೊಡ್ಡ ಕುರ್ಚಿ ಅವರದು. "ಒಬ್ಬೊಬ್ರೇ ಮಾತಾಡಿ."

"ಹಾಗಾದ್ರೆ ನಿಮ್ಮಿಂದ್ಲೇ ಶುರು ಮಾಡಾಣ ಅಧ್ಯಕ್ಷರೆ. ನಿಮ್ಮ ಮನೆ ಮುಂದೆ ಅಷ್ಟು ದೊಡ್ಡ ಕಣ ಅದೆ. ನಿಮ್ಮ ಕಾಫಿ ರಸ್ತೇಲಿ ಯಾಕೆ ಅದೆ?"

"ಅದು ನಾನು ಹಾಕಿದ್ದಲ್ಲ ತಿಮ್ಮಮ್ಮ. ಕಣ ತುಂಬಿ ಹೊರಗೆ ಬಂದಿದ್ದು."

"ಕಾಫಿಗೆ ಕಾಲು ಬಂದಿತ್ತಾ? ಗೇಟು ತೆಗ್ದು ಬಂತಾ?"

ಕೋಣೆಯೆಲ್ಲ ನಕ್ಕಿತು. ಅಧ್ಯಕ್ಷರು ನಗಲಿಲ್ಲ. ಅರ್ಚಕ ವಿಷ್ಣುಮೂರ್ತಿ ಭಟ್ಟರು ಎದ್ದು ಇಬ್ಬರಿಗೂ ಸಮಾಧಾನ ಹೇಳಿದರು. "ಜಗಳ ಎಂಥಕ್ಕೆ? ಒಂದು ಬದಿ ಕಾಫಿ, ಒಂದು ಬದಿ ಬಸ್ಸು. ನನ್ನ ಕಾಳುಮೆಣಸು ಎಡಗಡೆ ಉಂಟು. ಹಾಗಾಗಿ ಬಲಗಡೆ ಬಿಡೋದು ನ್ಯಾಯ."

ಬಲಗಡೆಯವರೆಲ್ಲ ಒಟ್ಟಿಗೆ ಎದ್ದರು. ಎಡಕ್ಕೆ ಬೆಳಗಿನಿಂದ ಬಿಸಿಲು ಬೀಳುತ್ತದೆ, ಬಲಕ್ಕೆ ಮಧ್ಯಾಹ್ನದ ಮೇಲೆ. ಇದ್ದ ಅರ್ಧ ಬಿಸಿಲೂ ಬಿಡಬೇಕೋ? ಭಟ್ಟರು ನ್ಯಾಯವನ್ನು ಅಲ್ಲೇ ಬಿಟ್ಟು ಕೂತುಬಿಟ್ಟರು.

ಬಯಲುಸೀಮೆಯಿಂದ ವರ್ಗವಾಗಿ ಬಂದು ವಾರವಾಗಿದ್ದ ಪಂಚಾಯ್ತಿ ಸೆಕ್ರೆಟರಿ ಕೈ ಎತ್ತಿದ. "ಸರ್, ಬಸ್ಸು ಕಾಫಿ ಮೇಲೇ ಹೋಗ್ಲಿ ಬಿಡ್ರಿ. ನಮ್ ಕಡೆ ರಾಗಿ, ಹುರುಳಿ ಎಲ್ಲಾ ರೋಡಿಗೇ ಹಾಕ್ತೀವಿ. ಲಾರಿಗಳೇ ತುಳಿದು ಕಾಳು ಬಿಡಿಸ್ತಾವೆ. ಕೂಲಿನೂ ಉಳಿಯುತ್ತೆ."

ಹೆಂಚು ಹಾರುವ ಹಾಗೆ ನಗು ಎದ್ದಿತು.

"ಹುರುಳಿಯಂತೆ! ಕಾಫಿ ನುಚ್ಚಾದ್ರೆ ಯಾರು ಸ್ವಾಮಿ ತಗಳ್ತಾರೆ? ನಿಮ್ಮೂರ ಕೋಳೀಗಾ?"

ತಿಮ್ಮಮ್ಮನೂ ನಕ್ಕುಬಿಟ್ಟಳು. ಮರುಕ್ಷಣವೇ ತನ್ನ ನಗುವಿನ ಮೇಲೆ ಅವಳಿಗೆ ಸಿಟ್ಟು ಬಂತು. ಒಲೆ ಆರುವ ಹೊತ್ತಲ್ಲಿ ಹಲ್ಲು ಕಿರಿಯುತ್ತೇನಲ್ಲ!

"ನಕ್ಕಿದ್ದು ಸಾಕು. ಬಸ್ಸು ಬರೋದು ದಿನಕ್ಕೆ ಎರಡು ಸಲ. ಬರೋ ಹೊತ್ತಿಗೆ ಒಂಚೂರು ಎಳೆದು ದಾರಿ ಬಿಡಿ. ಅಷ್ಟೇ ನಾ ಕೇಳದು."

"ಎಳೆಯೋರು ಯಾರು? ನೀನು ಬರ್ತೀಯಾ?" ಲಿಂಗಪ್ಪ ಕೇಳಿದ. "ಅಲ್ಲಾ, ನಿನ್ನ ಹಪ್ಪಳ ಎಲ್ಲಿ ಒಣಗ್ತದೆ? ಅದೂ ರಸ್ತೇಲೇ ಅಲ್ವಾ?"

"ಅದು ಚರಂಡಿ ಅಂಚಲ್ಲಿ! ಒಂದು ಚಾಪೆ!"

"ಚಾಪೆ ಆದ್ರೇನು, ಕಂಬಳಿ ಆದ್ರೇನು? ಅಷ್ಟು ಬಸ್ಸು ಬೇಕಾದ್ರೆ ನೀನೇ ಕೈಮರಕ್ಕೆ ಹೋಗು. ಬಸ್ಸೇನು ನಿನ್ನ ಮನೆ ಅಳಿಯನಾ, ಬಾಗ್ಲಿಗೇ ಬರಕ್ಕೆ?"

ಮತ್ತೆ ನಗು. ಈ ಸಲ ತಿಮ್ಮಮ್ಮ ನಗಲಿಲ್ಲ. ಅಧ್ಯಕ್ಷರು ಗಡಿಯಾರ ನೋಡಿಕೊಂಡು ವಿಷಯವನ್ನು ಮತಕ್ಕೆ ಹಾಕಿದರು. ಕಾಫಿ ತೆಗೀಬೇಕು ಅನ್ನೋರು ಕೈ ಎತ್ತಿ.

ಎದ್ದದ್ದು ತಿಮ್ಮಮ್ಮನ ಕೈ ಒಂದೇ. ಅವಳು ಕೈ ಇಳಿಸದೆ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಅಲ್ಲಿ ಅವಳ ಕೈಯ ಚಟ್ನಿ ಉಣ್ಣದ ಬಾಯಿ ಒಂದೂ ಇರಲಿಲ್ಲ. ಯಾರ ಮಗಳ ಬಾಣಂತನಕ್ಕೆ ತಾನು ರಾತ್ರೋರಾತ್ರಿ ಬಿಸಿನೀರು ಕಾಯಿಸಿಕೊಂಡು ಹೋಗಿದ್ದಳೋ ಅವನು ಕಿಟಕಿಯಾಚೆ ಬೆಟ್ಟ ನೋಡುತ್ತಿದ್ದ.

"ಆಯ್ತಲ್ಲ," ಎಂದರು ಅಧ್ಯಕ್ಷರು. "ಕಾಫಿ ಒಣಗಿ ಮುಗಿಯೋವರೆಗೆ, ಶಿವರಾತ್ರಿವರೆಗೆ ಬಸ್ಸು ಕೈಮರದಲ್ಲೇ ಇರ್ಲಿ. ಬೇಜಾರ್ ಮಾಡ್ಕಬೇಡಿ ತಿಮ್ಮಮ್ಮ. ಈಗ ಎಲ್ರಿಗೂ ಟೀ ಕಳ್ಸಿ. ಬಿಸಿ ಇರ್ಲಿ. ನಂಗೆ ಸಕ್ಕರೆ ಬೇಡ."

"ಗೋಳಿಬಜೆ ಇದ್ರೆ ಅದನ್ನೂ," ಎಂದ ಲಿಂಗಪ್ಪ.

ತಿಮ್ಮಮ್ಮ ಸೆರಗು ಸಿಕ್ಕಿಸಿಕೊಂಡಳು. "ಆಯ್ತು," ಎಂದಷ್ಟೇ ಹೇಳಿ ಹೊರಟಳು. ಸಿಟ್ಟು ಇಳೀತು ಬಿಡಿ, ಪಾಪದ ಹೆಂಗಸು ಎಂದು ಅಧ್ಯಕ್ಷರು ಮುಂದಿನ ವಿಷಯಕ್ಕೆ ಹೋದರು. ಬೀದಿನಾಯಿ ಮುಗಿಯಿತು. ಬೀದಿದೀಪ ಮುಗಿಯಿತು. ಬಾಯಿ ಒಣಗಿತು.

ತಿಮ್ಮಮ್ಮ ಹೋಟೆಲಿನ ಒಲೆಗೆ ನೀರು ಹೊಯ್ದಳು. ಬಾಗಿಲಿಗೆ ಬೀಗ ಜಡಿದಳು. ಕಡುಬಿನ ದೊಡ್ಡ ಪಾತ್ರೆ ತಲೆ ಮೇಲೆ, ಟೀ ಕೆಟಲು ಒಂದು ಕೈಲಿ, ಸೀಮೆಎಣ್ಣೆ ಸ್ಟವ್ ಇನ್ನೊಂದು ಕೈಲಿ. ಸಿಮೆಂಟು ರಸ್ತೆಯ ನಟ್ಟನಡುವೆ, ಅಧ್ಯಕ್ಷರ ಕಾಫಿಯನ್ನು ಚಪ್ಪಲಿಯಿಂದ ಎಡಬಲಕ್ಕೆ ಸರಿಸುತ್ತ ಇಳಿದು ಬಂದಳು.

ಶಾಲೆಯ ಕಿಟಕಿಯಲ್ಲಿ ಪಾತ್ರೆ ಕಂಡಿತು.

"ಟೀ ಬಂತು!" ಲಿಂಗಪ್ಪ ಬೆಂಚಿನಿಂದ ಮಂಡಿ ಕಿತ್ತುಕೊಂಡು ಎದ್ದ. "ಕಡುಬೂ ಬಂತು ಕಣ್ರೋ!"

ಪಾತ್ರೆ ಮೊದಲನೇ ಕಿಟಕಿ ದಾಟಿತು. ಎರಡನೇದೂ ದಾಟಿತು. ಬಾಗಿಲ ಹತ್ತಿರ ನಿಲ್ಲಲಿಲ್ಲ.

"ಹೋಯ್, ತಿಮ್ಮಕ್ಕಾ! ಸಭೆ ಇಲ್ಲಿ!"

ತಿಮ್ಮಮ್ಮ ತಿರುಗಲಿಲ್ಲ. ಕೆಳಗೆ ಕೈಮರದಲ್ಲಿ ಬಸ್ಸಿನ ಹಾರನ್ ಕೇಳುತ್ತಿತ್ತು. ಅವಳು ಹೆಜ್ಜೆ ಬಿರುಸು ಮಾಡಿದಳು.